ಅಪ್ಪ ಅಮ್ಮನ ತೆಲುಗು

ಐವತ್ತು ವರ್ಷದಿಂದ ನಮ್ಮಪ್ಪ ಅಮ್ಮನ ಸಂಸಾರ ನಡೆಯುತ್ತಿರುವುದು ತೆಲುಗಿನಲ್ಲಿ. ಅಕ್ಕನನ್ನೂ ನನ್ನನ್ನೂ ಬೆಳೆಸಿದ್ದು ಕನ್ನಡದಲ್ಲಿ. ಅಮ್ಮನ ತೌರು ಆಂಧ್ರದ ಕಡೆ, ಅಪ್ಪನದು ಚಿಂತಾಮಣಿಯಲ್ಲಿ ಬಟ್ಟೆ ಅಂಗಡಿ. ಜಗಳ, ಸರಸ, ನೆಂಟರ ಹುಳುಕು, ಎಲ್ಲವೂ ನಮ್ಮೆದುರೇ ತೆಲುಗಿನಲ್ಲಿ ಸಾಗುತ್ತಿತ್ತು. ಬೀದಿಯ ಅರ್ಧ ಜನ ತೆಲುಗು ಮಾತಾಡುವ ಊರಿನಲ್ಲಿ ತಮ್ಮ ಹೆಣ್ಣುಮಕ್ಕಳಿಗೆ ಮಾತ್ರ ಅದು ಬರುವುದಿಲ್ಲ ಎಂದು ನಂಬಿದ್ದರು ಪುಣ್ಯಾತ್ಮರು. ಬೆಕ್ಕು ಕಣ್ಣುಮುಚ್ಚಿ ಹಾಲು ಕುಡಿದಂತೆ.

ಪಕ್ಕದ ಮನೆಯ ಮಕ್ಕಳ ಜೊತೆ ಕುಂಟೆಬಿಲ್ಲೆ ಆಡುತ್ತಲೇ ನಾವದನ್ನು ಕಲಿತಿದ್ದೆವು. "ಗೊತ್ತು ಅಂತ ತೋರಿಸ್ಬೇಡ ಕಣೇ, ಆಮೇಲೆ ಬಾಯಿ ಮುಚ್ಕೊಂಡ್ಬಿಡ್ತಾರೆ" ಎಂದು ನನಗಿಂತ ಆರು ವರ್ಷ ದೊಡ್ಡವಳಾದ ಅಕ್ಕ ಹೇಳಿಕೊಟ್ಟಳು. ಹೊಸ ಸುದ್ದಿ ಕಿವಿಗೆ ಬಿದ್ದರೆ ಇಬ್ಬರೂ ಮಂಡಿಗೆ ಮಂಡಿ ಒತ್ತಬೇಕು, ಮುಖ ಮಾತ್ರ ಅಲುಗಬಾರದು. ಅದು ನಮ್ಮ ನಿಯಮ.

ನನಗೆ ಹನ್ನೆರಡಾಗಿದ್ದಾಗ ಒಂದು ಮಧ್ಯಾಹ್ನ ಅಕ್ಕ ನೀರು ತರಲು ಹೋಗಿದ್ದಳು. ಅಮ್ಮ ಸಾರು ಬಡಿಸುತ್ತ ತೆಲುಗಿನಲ್ಲಿ ಅಪ್ಪನಿಗೆ ಹೇಳಿದಳು: ಚಿಕ್ಕಬಳ್ಳಾಪುರದಲ್ಲಿ ದೊಡ್ಡವಳಿಗೆ ಟೀಚರ್ ಟ್ರೈನಿಂಗ್ ಸೀಟು ಸಿಕ್ಕಿದೆಯೆಂದು ಕಾಗದ ಬಂತು, ಬಚ್ಚಲ ಒಲೆಗೆ ಹಾಕಿದೆ. ಉಪ್ಪು ಹೆಚ್ಚಾಯಿತೆಂದು ದಿನಾ ಕಿತ್ತಾಡುವ ಗಂಡಹೆಂಡಿರು ಈ ವಿಷಯದಲ್ಲಿ ಒಂದೇ ಮನಸ್ಸು. "ಒಳ್ಳೇದಾಯ್ತು, ಇಲ್ಲದಿದ್ದರೆ ಗೌರಿಬಿದನೂರಿನ ಸಂಬಂಧ ತಪ್ಪಿಹೋಗುತ್ತಿತ್ತು" ಎಂದರು ಅಪ್ಪ. ಮದುವೆಗೆ ನನಗೊಂದು ರೇಷ್ಮೆ ಲಂಗ ಹೊಲಿಸುವ ಮಾತೂ ಆಗಲೇ ಬಂತು.

ನಾನು ಅಕ್ಕನಿಗೆ ಹೇಳಲಿಲ್ಲ. ನನಗೆ ಆ ಲಂಗ ಬೇಕಿತ್ತು. ಅವಳು ಹಾಸ್ಟೆಲ್ಲಿಗೆ ಹೋದರೆ ಪಾತ್ರೆ ತೊಳೆಯುವುದು ನನ್ನ ಪಾಲಿಗೆ ಬರುತ್ತಿತ್ತು. ಕಾರಣ ಇಷ್ಟೇ. ಚಿಕ್ಕ ವಯಸ್ಸು ಬಿಡು ಎಂದು ಯಾರಾದರೂ ಸಮಾಧಾನ ಹೇಳಬಂದರೆ ನನಗೆ ಕೋಪ ಬರುತ್ತದೆ. ಆಮೇಲೆ ಒಂದು ತಿಂಗಳು ಅಕ್ಕ ದಿನಾ ಪೋಸ್ಟಾಫೀಸಿಗೆ ಹೋಗಿ ಕಾಗದ ಬಂತಾ ಎಂದು ಕೇಳುವಾಗ ಅವಳ ಕೈ ಹಿಡಿದುಕೊಂಡು ಹೋಗುತ್ತಿದ್ದವಳು ನಾನೇ. ವಾಪಸು ಬರುವಾಗ ಅವಳು ನನಗೆ ಕಡ್ಲೆಕಾಯಿ ಪೊಟ್ಟಣ ಕೊಡಿಸುತ್ತಿದ್ದಳು.

ಅಕ್ಕ ಗೌರಿಬಿದನೂರಿನ ತುಂಬಿದ ಮನೆಗೆ ಸೊಸೆಯಾಗಿ ಹೋಗಿ, ಹತ್ತು ಜನಕ್ಕೆ ಮುದ್ದೆ ತಿರುವಿದಳು. "ಸೀಟು ಬರ್ಲಿಲ್ಲ, ನಾನು ದಡ್ಡಿ ಕಣೇ" ಎಂದು ಮೂವತ್ತು ವರ್ಷ ನಗುತ್ತ ಹೇಳಿಕೊಂಡಳು. ಚಿಕ್ಕವಳನ್ನಾದರೂ ಓದಿಸೋಣವೆಂದು ಓದಿಸಿದ್ದರಿಂದ ನಾನು ಶಿಡ್ಲಘಟ್ಟದಲ್ಲಿ ಟೀಚರ್ ಆದೆ.

ಹೋದ ವರ್ಷ ಅಮ್ಮನ ಸೊಂಟದ ಮೂಳೆ ಮುರಿಯಿತು. ಅಕ್ಕ ಬಂದು ಎರಡು ತಿಂಗಳು ಮೈ ಒರೆಸಿ, ಗಂಜಿ ಕುಡಿಸಿ ನೋಡಿಕೊಂಡಳು; ನಾನು ಭಾನುವಾರ ಹಣ್ಣು ತಂದುಕೊಟ್ಟು ಹೋಗುವ ನೆಂಟಳು. ಅಂಥ ಒಂದು ಭಾನುವಾರ ಇಬ್ಬರೂ ಮಂಚದ ಅಂಚಿನಲ್ಲಿ ಕೂತಿದ್ದೆವು. ಅಮ್ಮ ಗಂಜಿ ನುಂಗಿ ಅಪ್ಪನತ್ತ ತಿರುಗಿ ತೆಲುಗಿನಲ್ಲಿ, "ಆ ಸೀಟಿನ ಕಾಗದ ಸುಟ್ಟದ್ದನ್ನು ದೊಡ್ಡವಳಿಗೆ ಹೇಳಿಬಿಡಲಾ?" ಎಂದಳು.

ಅಪ್ಪ ಪೇಪರಿನಿಂದ ತಲೆಯೆತ್ತಲಿಲ್ಲ. "ಸುಮ್ಮನಿರು. ಹೇಳಿದರೆ ನಿನಗೆ ಗಂಜಿ ಕುಡಿಸುವವರು ಯಾರು?"

ಅಕ್ಕನ ಮಂಡಿ ನನ್ನ ಮಂಡಿಯನ್ನು ಒತ್ತಿತು. ನಾನು ತಿರುಗಿ ಒತ್ತಲಿಲ್ಲ, ಮರೆತೇ ಹೋಯಿತು. ಅವಳು ಬಟ್ಟಲು ಖಾಲಿಯಾಗುವವರೆಗೆ ಕುಡಿಸಿ, ಅಮ್ಮನ ಬಾಯಿ ಒರೆಸಿ, ನನ್ನನ್ನು ಅಡುಗೆಮನೆಗೆ ಕರೆದಳು.

"ಹೊಸಾ ಸುದ್ದಿ ಆಗಿದ್ರೆ ನೀನೂ ಒತ್ತಿರ್ತಿದ್ದೆ. ಯಾವಾಗಿಂದ ಗೊತ್ತು ನಿಂಗೆ?"

"ಆವಾಗ್ಲಿಂದಾನೇ, ಅಕ್ಕ."

"ನನ್ಜೊತೆ ಪೋಸ್ಟಾಫೀಸಿಗೆ ಬರ್ತಿದ್ದಾಗ್ಲೂ?"

ಹೌದೆಂದು ತಲೆಯಾಡಿಸಿದೆ. ಅವಳು ಅಳಲಿಲ್ಲ, ಬೈಯಲಿಲ್ಲ. ಬೈದಿದ್ದರೆ ಬದುಕಿಕೊಳ್ಳುತ್ತಿದ್ದೆ.

"ಅವ್ರು ಮಾಡಿದ್ದು ಹಾಳಾಗೋಗ್ಲಿ. ನಿಂಗೆ ಕಡ್ಲೆಕಾಯಿ ಕೊಡಿಸ್ತಿದ್ನಲ್ಲೇ" ಎಂದಳು. ತೊಳೆದ ಬಟ್ಟಲನ್ನು ನನ್ನ ಕೈಗಿಟ್ಟು, ಬ್ಯಾಗು ತುಂಬಿಕೊಂಡು, ಮನೆಯಲ್ಲಿ ಕೆಲಸವಿದೆಯೆಂದು ಅಪ್ಪನಿಗೆ ಹೇಳಿ ಬಸ್ಸು ಹತ್ತಿದಳು. ಇವತ್ತಿಗೂ ನನ್ನ ಫೋನು ಎತ್ತಿಲ್ಲ.

ಸಂಜೆಯ ಗಂಜಿ ನಾನು ಕುಡಿಸಿದೆ. ಅರ್ಧ ಅಮ್ಮನ ಕತ್ತಿನ ಮೇಲೆ ಚೆಲ್ಲಿತು. "ಇವಳ ಕೈ ಒರಟು. ದೊಡ್ಡವಳು ಯಾವಾಗ ಬರುತ್ತಾಳೆ?" ಎಂದು ಅಮ್ಮ ತೆಲುಗಿನಲ್ಲಿ ಕೇಳಿದಳು.

"ನಾಳೆ ಬರುತ್ತಾಳೆ ಬಿಡು" ಎಂದರು ಅಪ್ಪ, ಅದೇ ತೆಲುಗಿನಲ್ಲಿ. "ಪಾಪ, ಅವಳಿಗೇನೂ ಗೊತ್ತಿಲ್ಲ."