ಬಲಕ್ಕೆ ವಾಲಿದ ಹಾಡು

ಮೋಟೆಬೆನ್ನೂರಿನ ಗುಡದಪ್ಪನ ಮೈಕ್ ಸೆಟ್ ಊರಿಗೆ ಬಂತೆಂದರೆ ಮದುವೆ ಮನೆಯವರಿಗಿಂತ ಮೊದಲು ಓಣಿಯ ನಾಯಿಗಳಿಗೆ ಗೊತ್ತಾಗುತ್ತಿತ್ತು. ಅವು ಸುಮ್ಮನೆ ಎದ್ದು ಹೊಲದ ಕಡೆ ನಡೆದುಬಿಡುತ್ತಿದ್ದವು. ಬ್ಯಾಡಗಿಯಲ್ಲಿ ಹಾಡು ಹಚ್ಚಿದರೆ ಮೋಟೆಬೆನ್ನೂರಿಗೆ ಕೇಳಿಸಬೇಕು ಎನ್ನುವುದು ಅವನ ಪಂಥ. ಕೇಳಿಸಿತು ಎಂದು ಬಂದು ಹೇಳಿದವರಿಗೆ ಅವನು ಚಹಾ ಕುಡಿಸುತ್ತಿದ್ದ, ಹೀಗಾಗಿ ಎಲ್ಲರಿಗೂ ಕೇಳಿಸುತ್ತಿತ್ತು.

ಮೂವತ್ತು ವರ್ಷ ಅದೇ ಕಸುಬು. ಮದುವೆ, ಬಸುರಿಯರ ಕುಬಸ, ಉರುಸು, ಗಣಪತಿ. ಚುನಾವಣೆ ಬಂದರೆ ಜೀಪಿನ ನೆತ್ತಿಗೆ ಹಾರ್ನ್ ಕಟ್ಟಿಕೊಂಡು ಹಳ್ಳಿ ಹಳ್ಳಿ ತಿರುಗಾಟ. ಯಾವ ಪಕ್ಷವಾದರೂ ಅವನಿಗೆ ಒಂದೇ. “ಸಪ್ಪಳ ನನ್ದು, ಸುಳ್ಳು ಅವರ್ದು,” ಎಂದು ನಗುತ್ತಿದ್ದ. ಅವನು ಕೂರುವ ರೀತಿಯೂ ಮೂವತ್ತು ವರ್ಷದಿಂದ ಒಂದೇ. ಬಲಗೈ ಆಂಪ್ಲಿಫೈಯರಿನ ಗುಂಡಿಯ ಮೇಲಿರಬೇಕು, ಅದಕ್ಕೆ ಹಾರ್ನ್ ಕಟ್ಟಿದ ಗಳ ಯಾವಾಗಲೂ ಎಡಕ್ಕೆ. ಊರಿಗೆಲ್ಲ ಹಂಚುವ ಮೊದಲು ಆ ಸದ್ದನ್ನು ಅವನ ಎಡಗಿವಿ ತಾನೇ ಉಂಡು ನೋಡುತ್ತಿತ್ತು.

ಅಂಥವನ ಮನೆಯಲ್ಲಿ ಮಾತ್ರ ಸದ್ದಿರಲಿಲ್ಲ. ಹೆಂಡತಿ ನೀಲಗಂಗವ್ವ ಮೂರು ವರ್ಷದಿಂದ ಅವನೊಂದಿಗೆ ಅಳೆದು ತೂಗಿ ಮಾತಾಡುತ್ತಿದ್ದಳು. “ಊಟಕ್ಕ ಏಳ್ರಿ.” “ಅಂಗಡಿ ಕೀಲಿ ಇಲ್ಲೈತಿ.” ಇಷ್ಟೇ. ಪಕ್ಕದ ಮನೆಯವರು ಬಂದರೆ, ಹೊಸರಿತ್ತಿಗೆ ಕೊಟ್ಟ ಮಗಳು ಸುಧಾರಾಣಿ ಫೋನು ಮಾಡಿದರೆ, ಅವಳಿಗೆ ನಾಲಿಗೆ ಇತ್ತು, ನಗುವೂ ಇತ್ತು. ಗುಡದಪ್ಪ ಹೊಸ್ತಿಲು ದಾಟಿ ಒಳಗೆ ಬಂದನೆಂದರೆ ಎರಡೂ ಬಂದ್. ಇವನೂ ಹಟಮಾರಿ, ಯಾಕೆ ಎಂದು ಕೇಳಲಿಲ್ಲ. ಕೇಳುವುದೇನು, ಕಾರಣ ತನಗೆ ಗೊತ್ತಿದೆ ಎಂದೇ ಅವನು ತಿಳಿದಿದ್ದ.

ಕಾರಣ ಅವಳ ತವರು ಗುತ್ತಲದ್ದು. ನೀಲಗಂಗವ್ವನ ತಾಯಿ ಅಲ್ಲಿ ತಿಂಗಳುಗಟ್ಟಲೆ ಹಾಸಿಗೆ ಹಿಡಿದಿದ್ದಳು. ಒಬ್ಬಳೇ ಮಗಳು, ಒಂದು ಸಲವೂ ನೋಡಲು ಹೋಗಲಿಲ್ಲ. ಹೋಗುತ್ತೇನೆ ಎಂದು ಇವಳು ಯಾಕೆ ಕೇಳುತ್ತಿಲ್ಲ ಎಂದು ಗುಡದಪ್ಪನಿಗೇ ಸೋಜಿಗವಾಗಿತ್ತು. ಆದರೆ ಹೆಂಡತಿಯ ತವರಿನ ವಿಷಯಕ್ಕೆ ತಾನಾಗಿ ಬಾಯಿ ಹಾಕುವ ಗಂಡಸಲ್ಲ ಅವನು. ಮೇಲಾಗಿ ಅದು ಮದುವೆಯ ಹಂಗಾಮು, ಮನೆಯಲ್ಲಿ ನಿಂತದ್ದೇ ಕಡಿಮೆ. ಕೊನೆಗೆ ಸಾವಿನ ಸುದ್ದಿ ಬಂತು, ಇಬ್ಬರೂ ಹೋದರು. ಅಂಗಳದಲ್ಲಿ ಹೆಣ ಕೂರಿಸಿತ್ತು, ಬೀಗರು ಬಿಜ್ಜರು ತುಂಬಿದ್ದರು. ನೀಲಗಂಗವ್ವನ ಕಾಕಾ ಕರಬಸಪ್ಪ ಎಲ್ಲರಿಗೂ ಕೇಳುವಂತೆ ಅಂದ: “ಅಳಿಯಂದ್ರ, ಒಂದ ಸಲರ ಆಕಿನ್ನ ಕಳಸಬೇಕಾಗಿತ್ರಿ. ಬಾಗಲಾ ನೋಡಿಕೋತ ಜೀವ ಬಿಟ್ಳು ಮುದುಕಿ.”

ಗುಡದಪ್ಪನಿಗೆ ಮೈ ಉರಿಯಿತು. “ನಾ ಬ್ಯಾಡ ಅಂದಿದ್ನ್ಯಾ? ಆಕಿನ ಬರಲಿಲ್ಲ,” ಎಂದ.

ತಾಯಿಯ ಕಾಲಬಳಿ ಕುಳಿತಿದ್ದ ನೀಲಗಂಗವ್ವ ತಲೆ ಎತ್ತಿ ಅವನನ್ನು ನೋಡಿದಳು. ಅವಳ ಕಣ್ಣಲ್ಲಿ ನೀರಿರಲಿಲ್ಲ. ಅವತ್ತು ನಿಂತ ಮಾತು ಮತ್ತೆ ಶುರುವಾಗಲಿಲ್ಲ. ಮಂದಿಯ ಮುಂದೆ ತನ್ನ ಮಾನ ಕಳೆದನೆಂದು ಇವಳಿಗೆ ಸಿಟ್ಟು ಎಂದು ಗುಡದಪ್ಪ ಲೆಕ್ಕ ಹಾಕಿದ. ಇದ್ದದ್ದು ಇದ್ದ ಹಾಗೆ ಹೇಳಿದರೆ ಎದ್ದು ಬಂದು ಎದೆಗೆ ಒದ್ದರಂತೆ, ಹಾಗಾಯಿತು ತನ್ನ ಪಾಡು ಎಂದುಕೊಂಡ. ಇವಳೇ ಮೊದಲು ಮಾತಾಡಲಿ ಎಂದು ಕಾದ. ಕಾಯುತ್ತ ಕಾಯುತ್ತ ಆ ಮನೆ ಅವನಿಗೆ ಧರ್ಮಶಾಲೆಯಂತಾಯಿತು. ಉಣ್ಣಲು, ಮಲಗಲು ಬರುವ ಜಾಗ. ರಾತ್ರಿ ಊಟಕ್ಕೆ ಕೂತು ಅಂದಂದಿನ ಮದುವೆಯ ಗಮ್ಮತ್ತು ಹೇಳಿ ಅವಳನ್ನು ನಗಿಸುವುದು ಅವನ ಬಾಳಿನ ದೊಡ್ಡ ಸುಖವಾಗಿತ್ತು. ಅದು ಮರಳಿ ಬೇಕಾಗಿತ್ತು. ಬಾಯಿಬಿಟ್ಟು ಯಾರಿಗೂ ಹೇಳಲಿಲ್ಲ, ಅಷ್ಟೇ.

ಹೀಗಿರುವಾಗ ಎರಡು ಸಾವಿರದ ಆರರ ರಂಜಾನಿಗೆ ಜಹೀರ ಊರಿಗೆ ಬಂದ. ಗುಡದಪ್ಪನ ಕೈಯಲ್ಲಿ ವೈರು ಸುತ್ತುವುದು ಕಲಿತು ದೊಡ್ಡವನಾದ ಅವನು ಈಗ ಮುಂಬಯಿಯ ರೆಕಾರ್ಡಿಂಗ್ ಸ್ಟುಡಿಯೋ ಒಂದರಲ್ಲಿ ಕೆಲಸಕ್ಕಿದ್ದ. ಬ್ಯಾಡಗಿಯ ಅಂಗಡಿಗೆ ಬಂದವನೇ ಗುರುವಿನ ಕಾಲು ಮುಟ್ಟಿ, ಒಂದು ಡಬ್ಬಿ ತೆಗೆದು ಮುಂದಿಟ್ಟ. ಒಳಗೆ ಕರಿಯ ಮೆತ್ತೆಯ ಹೆಡ್‌ಫೋನು, ಜೊತೆಗೆ ಅಂಗೈಯಗಲದ ಸಿಡಿ ಪ್ಲೇಯರು.

“ಉಸ್ತಾದ್ರ, ಇದು ಸ್ಟುಡಿಯೋದಾಗ ಹಾಕ್ಕೊಳ್ಳೂ ಅಸಲಿ ಮಾಲು. ಹಾಡ ಹೆಂಗೈತಿ ಹಂಗ ಕೇಳಸ್ತೈತಿ, ಹೆಚ್ಚಿಲ್ಲ ಕಡಿಮಿಲ್ಲ.”

“ಎಷ್ಟು ಕೊಟ್ಟಿಯೋ?”

ಜಹೀರ ಹೇಳಿದ. ಗುಡದಪ್ಪ ಹೌಹಾರಿದ. “ಒಂದು ಎಮ್ಮಿ ಬರ್ತಿತ್ತಲ್ಲೋ ಮಾರಾಯ!”

ಏನೇ ಅನ್ನಲಿ, ಶಿಷ್ಯ ತಂದ ಕಾಣಿಕೆ. ಕಿವಿಗೆ ಏರಿಸಿಕೊಂಡು, ಊರೂರಿನ ಬೆಳಗನ್ನು ತಾನೇ ಎಬ್ಬಿಸಿದ್ದ ವಚನದ ಹಾಡು ಹಚ್ಚಿದ. ಹುಬ್ಬು ಗಂಟಿಕ್ಕಿತು. ಎದೆಗೆ ಗುದ್ದುವ ಸದ್ದಿಲ್ಲ, ಕಂಬ ನಡುಗುವುದಿಲ್ಲ. ಯಾರೋ ಪಕ್ಕದ ಕೋಣೆಯಲ್ಲಿ ಸಮಾಧಾನವಾಗಿ ಹಾಡಿಕೊಂಡಂತೆ. “ಥೇಟ್ ನಮ್ಮ ಬ್ಯಾಡಗಿ ಮೆಣಸಿನಕಾಯಿ,” ಎಂದು ತೆಗೆದಿಟ್ಟ. “ಬಣ್ಣ ಐತಿ, ಖಾರ ಇಲ್ಲ. ಮತ್ತ ಹಾಡಾಂವ ಒಂದ ಕಡೆ ವಾಲ್ಯಾನ. ಬಲಕ್ಕ ಕುಂತು ಹಾಡಾಕತ್ತಾನ.”

ಜಹೀರ ನಕ್ಕ. “ಹೊಸಾದು ಹಂಗ ಅನಸ್ತೈತ್ರಿ. ಒಂದೆರಡು ವಾರ ಕೇಳ್ರಿ. ಕಿವಿ ಹೊಂದಕೋತೈತಿ, ಆಮ್ಯಾಲ ನೀವ ಬಿಡೂದಿಲ್ಲ.”

ಅವನು ರಜೆ ಮುಗಿಸಿ ಹೋದ. ಗುಡದಪ್ಪ ದಿನಾ ಮಧ್ಯಾಹ್ನ ಅಂಗಡಿಯ ಬಾಗಿಲು ಅರ್ಧ ಎಳೆದು ಕೇಳುತ್ತ ಕುಳಿತ. ಮೊದಮೊದಲು ಶಿಕ್ಷೆ ಎನಿಸಿತು. ಆಮೇಲೆ ಒಂದು ದಿನ, ಹಾಡುವವನು ಸಾಲಿಗೂ ಸಾಲಿಗೂ ನಡುವೆ ಉಸಿರು ಎಳೆದುಕೊಳ್ಳುವುದು ಕೇಳಿಸಿತು. ಗುಡದಪ್ಪ ದಂಗಾದ. ಮೂವತ್ತು ವರ್ಷ ಈ ಹಾಡು ಹಚ್ಚಿದ್ದಾನೆ, ಹಾಡಿದವನಿಗೆ ಉಸಿರಿದೆ ಎಂದು ಅವನಿಗೆ ಹೊಳೆದಿರಲಿಲ್ಲ! ಇನ್ನೊಂದು ದಿನ ತಬಲದವನ ಬೆರಳ ಉಂಗುರ ಕಟ್ ಎಂದದ್ದು ಕೇಳಿಸಿತು. ಕಿವಿಗೆ ರುಚಿ ಹತ್ತಿತು. ಅದು ಹತ್ತಿದ ಮೇಲೆ ತನ್ನ ಹಾರ್ನಿನ ಕರ್ಕಶ ತನಗೇ ಬೇಡವಾಯಿತು. ಒಂದು ಮದುವೆಯಲ್ಲಿ ಗುಂಡಿಯನ್ನು ಅರ್ಧಕ್ಕೇ ನಿಲ್ಲಿಸಿದಾಗ ಹೆಣ್ಣಿನ ಅಪ್ಪ ಓಡಿಬಂದು, “ಯಾಕ್ರಿ ಗುಡದಪ್ಪಾ, ಮೈಯಾಗ ಆರಾಮಿಲ್ಲೇನು?” ಎಂದು ಕೇಳಿದ.

ಎಲ್ಲ ಹೊಂದಿತು, ಒಂದು ಬಿಟ್ಟು. ಹಾಡುವವನು ಬಲದಿಂದ ನಡುವಿಗೆ ಬರಲೇ ಇಲ್ಲ. ಸಿಡಿ ಬದಲಿಸಿದ, ಸೆಲ್ಲು ಬದಲಿಸಿದ. ಹೆಣ್ಣು ಹಾಡಿದರೂ ಬಲಕ್ಕೆ, ಗಂಡು ಹಾಡಿದರೂ ಬಲಕ್ಕೆ. ಎಡಗಡೆಯಿಂದ ಬರುವುದು ಬರೀ ಮಸುಕು ಗುಂಯ್. ಪಾಪ ಜಹೀರನಿಗೆ ಮುಂಬಯಿಯವರು ಟೋಪಿ ಹಾಕಿದ್ದಾರೆ ಎಂದು ಮರುಗಿ, ಒಂದು ದಿನ ಅದನ್ನು ಚೀಲಕ್ಕೆ ಹಾಕಿಕೊಂಡು ರಾಣೆಬೆನ್ನೂರಿನ ಬಸ್ಸು ಹತ್ತಿದ. ಅಲ್ಲಿ ಅಲ್ಲಾವುದ್ದೀನನ ರೇಡಿಯೋ ರಿಪೇರಿ ಅಂಗಡಿ. ಇವನ ಸುಟ್ಟ ಹಾರ್ನುಗಳಿಗೆಲ್ಲ ಜೀವ ಕೊಟ್ಟ ಹಳೆಯ ಗೆಳೆಯ.

ಅಲ್ಲಾವುದ್ದೀನ ಹೆಡ್‌ಫೋನು ಹಾಕಿಕೊಂಡು ಕಣ್ಣು ಮುಚ್ಚಿದ. ಒಂದು ಹಾಡು ಪೂರ್ತಿ ಮುಗಿಯಿತು, ಇನ್ನೊಂದು ಶುರುವಾಯಿತು. ಗುಡದಪ್ಪ ಅವನ ಮೊಣಕಾಲು ತಟ್ಟಿದ.

“ಎಡಗಡೆ ಸತ್ತೈತಲ್ಲ?”

“ಇಲ್ಲಲ್ರೀ ಅಣ್ಣಾ. ಎರಡೂ ಸರಿ ಅದಾವು. ಹಾಡಾಂವ ಬರೋಬ್ಬರಿ ನಟ್ಟನಡುವ ನಿಂತಾನ.”

“ನಿನ್ನ ಕಿವಿಗೆ ಏನಾಗೇತೋ,” ಎಂದು ಗುಡದಪ್ಪ ಕಸಿದುಕೊಂಡ. ಮದುವೆಯಲ್ಲಿ ಎರಡು ಹಾರ್ನಿನಲ್ಲಿ ಒಂದು ಸುಮ್ಮನಾದರೆ ಯಾರೂ ಮೊದಲು ಬಿಚ್ಚುವುದಿಲ್ಲ. ವೈರು ಅದಲು ಬದಲು ಮಾಡಿ ನೋಡುತ್ತಾರೆ. ಸುಮ್ಮನಾದ ಹಾರ್ನಿಗೆ ಸದ್ದು ಬಂತೋ, ಹಾರ್ನ್ ಸರಿಯಿದೆ, ದೋಷ ವೈರಿನಲ್ಲಿ. ಆಗಲೂ ಅದು ಸುಮ್ಮನಿದ್ದರೆ ಹಾರ್ನೇ ಸತ್ತಿದೆ ಎಂದರ್ಥ. ಅಲ್ಲಾವುದ್ದೀನನ ಬಾಯಿ ಮುಚ್ಚಿಸಬೇಕೆಂದೇ ಗುಡದಪ್ಪ ಹೆಡ್‌ಫೋನನ್ನು ತಿರುಗಿಸಿ, ಎಡದ್ದು ಬಲಕ್ಕೆ ಬಲದ್ದು ಎಡಕ್ಕೆ ಹಾಕಿಕೊಂಡ. ಹಾಡು ಈಗ ಎಡಕ್ಕೆ ಬರಬೇಕಿತ್ತು.

ಬಲಕ್ಕೇ ಇತ್ತು.

ಮತ್ತೊಮ್ಮೆ ತಿರುಗಿಸಿದ, ಮಗದೊಮ್ಮೆ ತಿರುಗಿಸಿದ. ಆಮೇಲೆ ಕೈಗಳು ತೊಡೆಯ ಮೇಲೆ ಬಿದ್ದವು. ಅಲ್ಲಾವುದ್ದೀನ ಎದ್ದು ಬಂದು ಅವನ ಬಲಕ್ಕೆ ಕುಳಿತ.

“ಅಣ್ಣಾ, ನಾ ಯಾವತ್ತೂ ಈ ಕಡೇನ ಕುಂತು ಮಾತಾಡ್ತೇನಿ, ನೀವು ನೋಡಿಲ್ಲೇನು? ಎಡಕ್ಕ ನಿಂತ್ರ ನಿಮಗ ಮುಟ್ಟೂದಿಲ್ಲ. ನಾಕೈದು ವರ್ಷ ಆಗಿರಬೇಕು. ನಮ್ಮ ಲೈನಿನ್ಯಾಗ ಇದು ಎಲ್ಲಾರಿಗೂ ಬರೂ ರೋಗ. ನಿಮಗ ಗೊತ್ತೈತಿ ಅಂತ ತಿಳಕೊಂಡಿದ್ದೆ.”

ಮರಳುವ ಬಸ್ಸಿನಲ್ಲಿ ಗುಡದಪ್ಪನಿಗೆ ಮೊದಲು ನೆನಪಾದದ್ದು ಮೊಬೈಲು. ಅದನ್ನು ಬಲಗಿವಿಗಲ್ಲದೆ ಎಡಗಿವಿಗೆ ಅವನು ಹಿಡಿದದ್ದೇ ಇಲ್ಲ. ಎರಡನೆಯದಾಗಿ ನೆನಪಾದದ್ದು ಹೆಂಡತಿ. ಅಡುಗೆಮನೆಯಲ್ಲಿ ಅವನ ಮಣೆಯ ಎಡಕ್ಕೆ ಒಲೆ. ಒಲೆಯ ಮುಂದೆ ಅವಳು. ಮೋಟರ್‌ಸೈಕಲ್ಲಿನ ಹಿಂದೆ ಕುಳಿತರೂ ಅವಳ ಮುಖ ಎಡಕ್ಕೇ. ಬಾಯಿ ಬಿಟ್ಟು ಮಾತಾಡು, ಗೊಣಗಬೇಡ ಎಂದು ಅವಳಿಗೆ ಎಷ್ಟು ಸಲ ಗದರಿದ್ದಾನೋ. ಗದರಿಕೆಗೂ ಅವಳು ಜೋರು ಮಾಡಿರಲಿಲ್ಲ. ಗಂಡನಿಗೆ ಏರುದನಿಯಲ್ಲಿ ಮಾತಾಡುವ ಮನೆತನದವಳಲ್ಲ. ಇವಳು ಆಡಿದ್ದು ನನಗೆ ಮುಟ್ಟದೇ ಹೋದದ್ದು ಎಷ್ಟಿದೆಯೋ ಎಂದುಕೊಂಡ. ಹಾಗಿದ್ದರೆ ಇವಳ ಮೌನವೂ ಅರ್ಧ ನನ್ನ ಕಿವಿಯದೇ ಇರಬೇಕು. ಹೇಳಿದರೆ ಎಲ್ಲ ಸರಿಹೋದೀತು ಎಂಬ ಆಸೆಯೂ ಅದರ ಬೆನ್ನಿಗೇ ಎದ್ದಿತು.

ಅವತ್ತು ಸಂಜೆ ಅವನು ಮಣೆಯನ್ನು ಎತ್ತಿ ಒಲೆಯ ಆಚೆ ಮಗ್ಗುಲಿಗೆ ಹಾಕಿಕೊಂಡು ಕುಳಿತ. ರೊಟ್ಟಿ ಬಡಿಯುತ್ತಿದ್ದ ನೀಲಗಂಗವ್ವ ಈಗ ಅವನ ಬಲಕ್ಕೆ ಬಂದಳು.

“ಅಲ್ಯಾಕ ಕುಂತ್ರಿ?”

ಮಾತು ಸ್ವಚ್ಛವಾಗಿ ಕೇಳಿಸಿತು. ದನಿಗೆ ವಯಸ್ಸಾದಂತೆ ಅನಿಸಿತು ಅವನಿಗೆ.

“ನನ್ನ ಎಡಗಿವಿ ಸತ್ತೈತಿ. ಇವತ್ತ ಗೊತ್ತಾತು. ಸತ್ತು ನಾಕೈದು ವರ್ಷ ಆಗಿರಬೇಕು ಅಂತಾನ ಅಲ್ಲಾವುದ್ದೀನ. ನೀ ಆಡಿದ್ದು ಭಾಳ ನನಗ ಕೇಳಿಸೇ ಇಲ್ಲ ಕಾಣಸ್ತೈತಿ.”

ರೊಟ್ಟಿ ಬಡಿಯುವ ಕೈ ನಿಂತಿತು. ಹಂಚಿನ ಮೇಲಿನ ರೊಟ್ಟಿ ಕರಕಾಗುವ ವಾಸನೆ ಬಂದರೂ ಅವಳು ಅತ್ತ ತಿರುಗಲಿಲ್ಲ.

“ನಾಕೈದು ವರ್ಷ?”

“ಹೂಂ.”

“ಅವ್ವ ಹಾಸಿಗಿ ಹಿಡಿದಾಗ ನಾ ಕೇಳಿದ್ದೆ,” ಎಂದಳು. “ಇಲ್ಲೇ ಕುಂತು. ಗುತ್ತಲಕ್ಕ ಹೋಗಿ ಬರ್ಲ್ಯಾ ಅಂತ. ನೀವು ಉಂಡ್ರಿ, ಕೈ ತೊಳಕೊಂಡ್ರಿ, ಹೋದ್ರಿ. ಮತ್ತೊಂದ ಸಲ ಗಾಡಿ ಮ್ಯಾಲ ಕೇಳಿದೆ. ಆಗೂ ಸುಮ್ಮನಿದ್ರಿ.”

ಮೌನಂ ಸಮ್ಮತಿ ಲಕ್ಷಣಂ ಎನ್ನುವುದು ಓದಿದವರ ಮಾತು. ಅವಳು ಹುಟ್ಟಿ ಬೆಳೆದ ಮನೆಯಲ್ಲಿ ಗಂಡಸು ಸುಮ್ಮನಿದ್ದರೆ ಬೇಡ ಎಂದೇ ಅರ್ಥ. ಮೂರನೆಯ ಸಲ ಕೇಳಿದ ಹೆಣ್ಣನ್ನು ಆ ಮನೆ ಕಂಡಿರಲಿಲ್ಲ.

“ಕೇಳಿಸಿರಲಿಲ್ಲ,” ಎಂದ ಗುಡದಪ್ಪ. “ಆಣಿ ಮಾಡಿ ಹೇಳ್ತೇನಿ, ಕೇಳಿಸಿರಲಿಲ್ಲ.”

“ಅಷ್ಟ ಮಂದಿ ಮುಂದ, ಅವ್ವನ ಹೆಣದ ಮುಂದ, ನಾ ಬ್ಯಾಡ ಅಂದಿದ್ನ್ಯಾ ಅಂದ್ರಿ. ಇಂಥಾ ಸುಳ್ಳು ಹೇಳಾಂವನ ಕೂಡ ಏನ್ ಮಾತು ಅಂತ…”

“ಸುಳ್ಳಲ್ಲ. ಈಗ ತಿಳೀತಲ್ಲ? ಸುಳ್ಳಲ್ಲ ಅದು!”

ಮೂರು ವರ್ಷದ ಹೊರೆ ಇಳಿದಂತೆ ಅವನ ಮೈ ಹಗುರಾಯಿತು. ಆ ಹಗುರ ಅವಳ ಮುಖ ನೋಡುವ ತನಕ ಮಾತ್ರ ಇತ್ತು. ಅವಳ ಮುಖದಲ್ಲಿ ಹಗುರವಾದದ್ದೇನೂ ಇರಲಿಲ್ಲ.

“ಹಂಗಾರ ಕೇಳಿಸಿದ್ರ ಹೋಗು ಅಂತಿದ್ರಿ?”

“ನಾನ ಕರಕೊಂಡು ಹೋಗ್ತಿದ್ದೆ.”

ಖರೇ ಮಾತು. ಆದರೆ ಆ ಹೊತ್ತಿನಲ್ಲಿ ಅದಕ್ಕಿಂತ ಕ್ರೂರವಾದ ಮಾತು ಇನ್ನೊಂದಿರಲಿಲ್ಲ. ಆಡಿದ ಮೇಲೆ ಅವನಿಗೆ ತಿಳಿಯಿತು. ನೀಲಗಂಗವ್ವ ಹಿಟ್ಟಿನ ಕೈಯಲ್ಲೇ ಮುಖ ಮುಚ್ಚಿಕೊಂಡಳು. ತಾಯಿ ಸತ್ತ ದಿನ ಬಾರದ ಅಳು ಅವತ್ತು ಬಂತು. ಅದರ ಒಂದೊಂದು ಬಿಕ್ಕೂ, ನಡುವೆ ಅವಳು ಎಳೆದುಕೊಳ್ಳುವ ಒಂದೊಂದು ಉಸಿರೂ ಗುಡದಪ್ಪನ ಬಲಗಿವಿಗೆ ಕೇಳಿಸಿತು. ಏನು ಮಾಡಬೇಕೆಂದು ತೋಚದೆ ಅವನು ಹಂಚು ಇಳಿಸಿಟ್ಟ.

“ನೀವು ಬ್ಯಾಡ ಅಂದ್ರಿ, ಅದಕ್ಕ ಬರಲಿಲ್ಲ ಅಂತ ಈ ಮೂರು ವರ್ಷ ಮನಸಿನ್ಯಾಗ ಅವ್ವಗ ದಿನಾ ಹೇಳಕೋತಿದ್ದೆ,” ಎಂದಳು, ಸೆರಗಿನಿಂದ ಮುಖ ಒರೆಸಿಕೊಂಡು. “ನಿನ್ನ ಅಳಿಯಾ ಕಲ್ಲು, ನಾ ಏನ್ ಮಾಡ್ಲಿ ಅಂತ. ಈಗ ಆಕಿಗೆ ಏನಂತ ಹೇಳ್ಲಿರಿ?”

“ನಾ ಬ್ಯಾಡ ಅಂದಿದ್ದೆ ಅಂತನ ಹೇಳು,” ಎಂದ ಗುಡದಪ್ಪ.