ಸೈಲೆನ್ಸರ್ ಮೇಲಿನ ಬುತ್ತಿ

ನಿವೇದಿತಾಗೆ ಸಿಟ್ಟು ಬಂದದ್ದು ಒಂದು ಸಾರಿನ ವಿಷಯಕ್ಕೆ ಅಂತ ಕ್ಯಾಲಿಫೋರ್ನಿಯಾದ ಡಬ್ಲಿನ್ನಿನ ಕನ್ನಡದವರು ಇವತ್ತಿಗೂ ಹೇಳುತ್ತಾರೆ. ಅದು ಅರ್ಧ ನಿಜ. ಸಾರು ಬರೀ ನೆಪ, ಸಿಟ್ಟು ಅದಕ್ಕಿಂತ ಬಹಳ ಹಳೆಯದು.

ಆಕೆ ಕಲಬುರ್ಗಿಯವಳು. ಅಲ್ಲೇ ಮೆಕ್ಯಾನಿಕಲ್ ಓದಿ, ಶಿವಶರಣನನ್ನು ಮದುವೆಯಾಗಿ ಇಲ್ಲಿಗೆ ಬಂದಳು. ಈಗ ಪಾಲೋ ಆಲ್ಟೋದ ಒಂದು ಕಂಪನಿಯಲ್ಲಿ ಕಾರಿನ ಬ್ಯಾಟರಿಗಳು ಅತಿಯಾಗಿ ಕಾಯದಂತೆ ನೋಡಿಕೊಳ್ಳುವ ಕೆಲಸ. ಕಾವು ಎಲ್ಲಿ ಹುಟ್ಟುತ್ತದೆ, ಯಾವ ದಾರಿ ಹಿಡಿದು ಎಲ್ಲಿಗೆ ಹೋಗುತ್ತದೆ ಅನ್ನುವುದೇ ದಿನವಿಡೀ ಯೋಚನೆ. ಆಫೀಸಿನಲ್ಲಿ ಆಕೆ ಬಾಯಿ ತೆರೆದರೆ ಮೀಟಿಂಗು ಗಪ್ ಚುಪ್. ಅದೇ ಹೆಂಗಸು ಪ್ರತಿ ಫೆಬ್ರವರಿಯ ಲಾಂಗ್ ವೀಕೆಂಡಿನಲ್ಲಿ ಸಿಯೆರಾ ಬೆಟ್ಟದ ಬಾಡಿಗೆ ಮನೆಯೊಂದರಲ್ಲಿ ಮೂರು ಸಂಸಾರಗಳಿಗೆ ರೊಟ್ಟಿ ಬಡಿಯುತ್ತಿದ್ದಳು.

ಆ ಮೂರು ಸಂಸಾರ ಅಂದರೆ ಇವರದೊಂದು, ಮೈಸೂರಿನ ವಸುಧಾ ಮತ್ತು ಆಕೆಯ ಗಂಡ ಅಚ್ಯುತನದೊಂದು, ಡ್ಯಾನ್‌ವಿಲ್ಲಿನ ರಮೇಶ್ ಮತ್ತು ರಮಾ ಅವರದು ಇನ್ನೊಂದು. ಗಂಡಸರು ಸೇರಿ ಸೆಕೆಂಡ್ ಹ್ಯಾಂಡಿನಲ್ಲಿ ಮೂರು ಸ್ನೋಮೊಬೈಲು ತಗೊಂಡಿದ್ದರು. ಹಿಮದ ಮೇಲೆ ಓಡುವ ಮೋಟರ್ ಬೈಕು ಅಂದುಕೊಳ್ಳಿ, ಚಕ್ರದ ಬದಲು ಮುಂದೆ ಎರಡು ಹಲಗೆ, ಹಿಂದೆ ಒಂದು ಪಟ್ಟಿ. ಬೆಳಗ್ಗೆ ತಿಂಡಿ ತಿಂದು ಗಂಡಸರು ಗುರ್ ಎನ್ನಿಸಿಕೊಂಡು ಹೊರಡುವರು. ಮಕ್ಕಳು ಚಿಕ್ಕವರಿದ್ದಾಗ ಹಿಂದೆ ಕೂತು ಹೋಗುತ್ತಿದ್ದರು, ದೊಡ್ಡವರಾದ ಮೇಲೆ ಬೆಟ್ಟಕ್ಕೆ ಬರುವುದನ್ನೇ ಬಿಟ್ಟರು. ಹೆಂಗಸರಿಗೆ ಸಂಜೆ ಮನೆಯ ಸುತ್ತ ಒಂದು ರೌಂಡು, ಒಂದು ಫೋಟೋ. ಅಷ್ಟೇ ಅವರ ಪಾಲು.

ಒಮ್ಮೆ ಗಂಡಸರು ಸ್ಯಾಂಡ್‌ವಿಚ್ ಕಟ್ಟಿಕೊಂಡು ಹೋಗಿದ್ದುಂಟು. ಮಧ್ಯಾಹ್ನಕ್ಕೆ ಬ್ರೆಡ್ಡು ಹೆಪ್ಪುಗಟ್ಟಿ ಅಚ್ಯುತನ ಹಲ್ಲು ಜುಮ್ಮೆಂದಿತ್ತು. ಅವತ್ತಿನಿಂದ ಊಟಕ್ಕೆ ಮನೆಗೇ ಬರುವುದು ಅಂತ ತೀರ್ಮಾನ. ಅವರು ಮಧ್ಯಾಹ್ನ ಮನೆಗೆ ಬರಬೇಕಾದರೆ ಮನೆಯಲ್ಲಿ ಯಾರಾದರೂ ಬಿಸಿ ಅಡುಗೆ ಮಾಡಿಟ್ಟಿರಬೇಕು. ಯಾರು ಅಂತ ಯಾರೂ ಕೇಳಲಿಲ್ಲ. ಕೇಳದೆಯೇ ತೀರ್ಮಾನವಾದ ಮಾತು ಅದು.

ಎರಡು ವರ್ಷದ ಹಿಂದಿನ ಫೆಬ್ರವರಿಯಲ್ಲಿ ಗಂಡಸರು ತಡವಾಗಿ ಬಂದರು. ಬೂಟು ಬಿಚ್ಚಿ, ಕೈ ತಿಕ್ಕಿಕೊಳ್ಳುತ್ತಾ ತಟ್ಟೆ ಮುಂದೆ ಕೂತ ಅಚ್ಯುತ ಒಂದು ಗುಟುಕು ಕುಡಿದು, "ಅತ್ತಿಗೆ, ಸಾರು ಸ್ವಲ್ಪ ಆರಿದೆ" ಅಂದ. ಬೈದು ಹೇಳಲಿಲ್ಲ, ನಗುತ್ತಲೇ ಹೇಳಿದ. ನಿವೇದಿತಾ ಪಾತ್ರೆ ಒಯ್ದು ಒಲೆಯ ಮೇಲಿಟ್ಟಳು. ಸಾರು ಕುದಿಯಿತು. ಆಕೆಯೂ ಕುದಿದಳು. ಸಾರು ಬಟ್ಟಲಿಗೆ ಬಂತು, ಆಕೆಯದು ಒಳಗೇ ಉಳಿಯಿತು.

ಮರುದಿನ ವಾಪಸು ಹೊರಡುವಾಗ, ಬೆಟ್ಟದ ಪಾರ್ಕಿಂಗಿನಲ್ಲಿ ಆಕೆ ಒಂದು ನೋಟ ಕಂಡಳು. ಕೂದಲು ಬೆಳ್ಳಗಾದ ಒಬ್ಬ ಅಮೆರಿಕನ್ ಹೆಂಗಸು ಒಬ್ಬಳೇ ತನ್ನ ಸ್ನೋಮೊಬೈಲಿನ ಮುಂದಿನ ಮುಚ್ಚಳ ಎತ್ತಿ, ಎಂಜಿನ್ ಪಕ್ಕದಿಂದ ಫಾಯಿಲಿನ ಒಂದು ಗಂಟು ತೆಗೆದಳು. ಬಿಚ್ಚಿದರೆ ಹಬೆಯಾಡುವ ಆಲೂಗಡ್ಡೆ. ಗಾಡಿಗೆ ಒರಗಿ ನಿಂತು, ಉಪ್ಪು ಉದುರಿಸಿಕೊಂಡು ತಿಂದಳು. ಯಾರಿಗೂ ಬಡಿಸಲಿಲ್ಲ. ನಿವೇದಿತಾ ಕಾರಿನ ಕಿಟಕಿಯಿಂದ ಕಣ್ಣು ತೆಗೆಯಲಿಲ್ಲ.

ಡಬ್ಲಿನ್ನಿಗೆ ಬಂದವಳು ಗರಾಜಿನಲ್ಲಿ ನಿಂತ ತಮ್ಮ ಸ್ನೋಮೊಬೈಲಿನ ಮುಚ್ಚಳ ಎತ್ತಿ ನೋಡಿದಳು. ಎಂಜಿನ್ನಿನ ಹೊಗೆ ಹೊರಗೆ ಹೋಗುವ ಸೈಲೆನ್ಸರು ಕೈಗೆಟಕುವಂತೆಯೇ ಇತ್ತು. ಅಗಲವಾದ ಸ್ಟೀಲ್ ಡಬ್ಬಿಯೊಂದರ ತಳವನ್ನು ಸೈಲೆನ್ಸರಿನ ಉಬ್ಬಿಗೆ ಸರಿಯಾಗಿ ಬಗ್ಗಿಸಿ, ಲೋಹದ ಪಟ್ಟಿಗಳಿಂದ ಬಿಗಿದಳು. ನಿಂತಲ್ಲೇ ಎಂಜಿನ್ ಓಡಿಸಿ ನೋಡಿದಾಗ ಮೊದಲ ಸಲ ಚಪಾತಿ ಸುಟ್ಟು ಕರಕಲಾಯಿತು. ಡಬ್ಬಿಯ ಕೆಳಗೆ ಸಣ್ಣ ಸಂದು ಬಿಟ್ಟು ಮತ್ತೆ ಕಟ್ಟಿದಳು.

ಶಿವಶರಣ ಚಹಾದ ಕಪ್ಪು ಹಿಡಿದುಕೊಂಡು ಬಾಗಿಲಲ್ಲಿ ನಿಂತು ನೋಡಿದ. "ಏನ್ ನಿವಿ, ಸೈಲೆನ್ಸರ್ ಹೊಗಿ ತಿನ್ನಬೇಕೇನ್ ನಾವು?"

"ಹೊಗಿ ಕೊಳವ್ಯಾಗ ಹೋಗ್ತದ. ಡಬ್ಬಿ ಹೊರಗ ಅದ. ಬರೂದು ಕಾವ್ ಒಂದ" ಅಂದಳು ತಲೆ ಎತ್ತದೆ. "ಮತ್ತ 'ನಾವು' ಅನ್ನಬ್ಯಾಡ್ರಿ. ಇದು ನನಗ."

ಆ ಮಾತು ಅವನ ಕಿವಿಗೆ ಬಿತ್ತೋ ಇಲ್ಲವೋ, ನಕ್ಕು ಒಳಗೆ ಹೋದ.

ಮುಂದಿನ ಫೆಬ್ರವರಿ ಬಂತು. ಮೊದಲ ದಿನ ಬೆಳಗ್ಗೆ ನಿವೇದಿತಾ ಹೆಲ್ಮೆಟ್ ಹಾಕಿಕೊಂಡು ಹೊರಗೆ ಬಂದಾಗ ಗಂಡಸರು ಮುಖ ಮುಖ ನೋಡಿಕೊಂಡರು. ಡಬ್ಬಿಯ ವಿಷಯ ಶಿವಶರಣನಿಂದ ಮೊದಲೇ ಕೇಳಿದ್ದ ಅಚ್ಯುತ, "ಏನತ್ತಿಗೆ, ಎಕ್ಸಾಸ್ಟ್ ಬಾತಾ ಇವತ್ತು?" ಅಂತ ತಮಾಷೆ ಮಾಡಿದ. ಆಕೆ ಮುಂದೆ ಕೂತಳು, ಶಿವಶರಣ ಹಿಂದೆ. ಹಿಂದೆ ಕೂತು ರೂಢಿಯಿಲ್ಲದ ಅವನು ಪ್ರತಿ ತಿರುವಿನಲ್ಲೂ ಆಕೆಯ ಜಾಕೆಟ್ಟು ಬಿಗಿಯಾಗಿ ಹಿಡಿದುಕೊಂಡ. ಪೈನ್ ಮರಗಳು ಹಿಂದಕ್ಕೆ ಹೋದವು. ಏರು ಹತ್ತಿ ಬಯಲಿಗೆ ಬಂದಾಗ ಎಲ್ಲಿ ನೋಡಿದರೂ ಯಾರೂ ತುಳಿಯದ ಹಿಮ, ಬಿಸಿಲಿಗೆ ಕಣ್ಣು ಬಿಡಲಾಗದಷ್ಟು ಬೆಳಕು. ಇಷ್ಟು ವರ್ಷ ಇವರು ದಿನಾ ಇದನ್ನು ನೋಡಿ ಬಂದು, "ಊಟ ರೆಡಿಯಾ?" ಅಂತ ಕೇಳುತ್ತಿದ್ದರಲ್ಲ ಅಂತ ಆಕೆಗೆ ಅನ್ನಿಸಿತು. ಚಂದ ಕಂಡಷ್ಟೂ ಸಿಟ್ಟು ಹೆಚ್ಚಾಯಿತು.

ಮಧ್ಯಾಹ್ನ ಆಕೆ ಮುಚ್ಚಳ ಎತ್ತಿ, ಕೈಗವಸಿನಲ್ಲೇ ಡಬ್ಬಿ ಬಿಚ್ಚಿದಳು. ಫಾಯಿಲಿನಲ್ಲಿ ಸುತ್ತಿದ ಜೋಳದ ರೊಟ್ಟಿ ಮೆತ್ತಗೆ ಬಿಸಿಯಾಗಿತ್ತು. ಎಣ್ಣೆಗಾಯಿಯ ಅಂಚಿನಲ್ಲಿ ಎಣ್ಣೆ ಚಿಟಿಚಿಟಿ ಅನ್ನುತ್ತಿತ್ತು. ಆ ಚಳಿಯಲ್ಲಿ ಶೇಂಗಾ, ಎಳ್ಳಿನ ವಾಸನೆ ಎದ್ದದ್ದೇ ತಡ, ಊಟಕ್ಕೆ ಮನೆಗೆ ಹೊರಡುವ ಮುನ್ನ ಎನರ್ಜಿ ಬಾರ್ ಅಗಿಯುತ್ತಿದ್ದ ಅಚ್ಯುತ, ರಮೇಶ್ ಇಬ್ಬರೂ ಹತ್ತಿರ ಬಂದರು. ಆಕೆ ಕೊಟ್ಟಳು. ಹಸಿದವರಿಗೆ ಇಲ್ಲ ಅನ್ನುವ ಮನೆಯಿಂದ ಬಂದವಳಲ್ಲ. ನಾಲ್ಕೂ ಜನ ಹಿಮದಲ್ಲಿ ನಿಂತು ತಿಂದರು. ಆ ಸ್ವಲ್ಪ ಹೊತ್ತು ನಿವೇದಿತಾಳ ಮನಸ್ಸು ನಿಜಕ್ಕೂ ಹಗುರಾಗಿತ್ತು.

ಆಮೇಲೆ ಅಚ್ಯುತ ಬೆರಳು ನೆಕ್ಕುತ್ತಾ ಹೇಳಿದ. "ಸೂಪರ್ ಅತ್ತಿಗೆ. ಮೂರೂ ಗಾಡಿಗೆ ಒಂದೊಂದು ಡಬ್ಬಿ ಕಟ್ಟಿಬಿಡಿ. ಬೆಳಗ್ಗೇನೇ ತುಂಬಿಸಿ ಕೊಟ್ರೆ ನಾವು ಮಧ್ಯಾಹ್ನ ವಾಪಸ್ ಬರೋದೇ ಬೇಡ. ನಮಗೂ ಟೈಮ್ ಉಳಿಯುತ್ತೆ, ನೀವೂ ಮನೇಲಿ ಆರಾಮಾಗಿ ಇರಬಹುದು."

ರಮೇಶ್, "ಒಳ್ಳೆ ಐಡಿಯಾ" ಅಂದ. ನಿವೇದಿತಾ ಗಂಡನ ಮುಖ ನೋಡಿದಳು. ಅವನೂ ರೊಟ್ಟಿ ಅಗಿಯುತ್ತಾ ತಲೆಯಾಡಿಸುತ್ತಿದ್ದ.

ಅಚ್ಯುತನ ಮಾತಿಗಿಂತ ಆ ತಲೆಯಾಡಿಸಿದ್ದು ಆಕೆಗೆ ಚುಚ್ಚಿತು. ಒಲೆಯಿಂದ ಬಿಡಿಸಿಕೊಳ್ಳಲಿಕ್ಕೆ ಅಂತ ಮಾಡಿದ ಡಬ್ಬಿ. ಅದನ್ನೇ ಹಿಡಿದು ಇವರು ಆಕೆಯನ್ನು ಇನ್ನೂ ಬೆಳಗಿನ ಜಾವಕ್ಕೆ ಒಲೆಯ ಮುಂದೆ ನಿಲ್ಲಿಸುತ್ತಿದ್ದರು.

"ಈ ಡಬ್ಬಿ ನಾ ಯಾಕ ಮಾಡ್ದೆ ಅಂತ ನಿಮ್ಮಾಗ ಒಬ್ಬರರ ಕೇಳೀರೇನ್?" ಅಂದಳು. ದನಿ ಏರಲಿಲ್ಲ. "ಇಷ್ಟ್ ವರ್ಷ ನಿಮ್ಮ ಗಾಡಿ ಸಪ್ಪಳಾ ಕೇಳ್ಕೋತ ಹಿಟ್ಟ ನಾದೀನಿ. ಸಾರು ಆರಿದ್ರ ಮತ್ತ ಕಾಸೀನಿ. ಇವತ್ತ ಒಂದ ದಿನಾ ಹೊರಗ ಬಂದ್ರ, ಊಟಾ ಮುಗಿಯೂದ್ರಾಗ ನನ್ನ ವಾಪಸ್ ಮನಿಗೆ ಕಳಿಸ್ಲಿಕ್ಕತ್ತೀರಿ."

"ಅಯ್ಯೋ ಅತ್ತಿಗೆ, ನಾನು ಹೊಗಳಿದ್ದು" ಅಂದ ಅಚ್ಯುತ.

"ನಿಮ್ಮ ಹೊಗಳಿಕಿ ನೀವ ಇಟ್ಕೋರಿ."

ಶಿವಶರಣ, "ನಿವಿ, ಮಂದಿ ಮುಂದ ಬ್ಯಾಡ" ಅಂತ ಮೆಲ್ಲಗೆ ಅಂದ. ಆಕೆ ಅವನನ್ನು ಒಂದು ಸಲ ನೋಡಿ, ಡಬ್ಬಿ ಬಿಗಿದು, ಮುಚ್ಚಳ ಇಳಿಸಿ, ಗಾಡಿ ಸ್ಟಾರ್ಟ್ ಮಾಡಿದಳು. ಅವನು ಹತ್ತುವ ಮೊದಲೇ ಹೊರಟುಬಿಟ್ಟಳು. ಅವನು ಅಚ್ಯುತನ ಹಿಂದೆ ಕೂತು ಬರಬೇಕಾಯಿತು.

ಬಾಡಿಗೆ ಮನೆಯಲ್ಲಿ ವಸುಧಾ, ರಮಾ ಇಬ್ಬರೂ ಸಂಜೆಯ ಪಲಾವಿಗೆ ಬೀನ್ಸ್ ಹೆಚ್ಚುತ್ತಿದ್ದರು. ನಿವೇದಿತಾ ಹೆಲ್ಮೆಟ್ ತೆಗೆಯದೆಯೇ, "ವಸುಧಾ, ನಾಳೆ ಮುಂಜಾನೆ ನೀವು ನನ್ನ ಜೋಡಿ ಬರ್ರಿ" ಅಂದಳು.

"ಬೇಡ ನಿವೇದಿತಾ, ಸುಮ್ನೆ ಜಗಳ ಆಗುತ್ತೆ" ಅಂದಳು ವಸುಧಾ.

"ಆಗ್ಲಿ. ಇಷ್ಟ್ ವರ್ಷ ಜಗಳ ಆಗಿಲ್ಲಲ್ಲ, ಏನ್ ಸಿಕ್ತು ನಿಮಗ?"

ಬೀನ್ಸ್ ಹೆಚ್ಚುತ್ತಿದ್ದ ವಸುಧಾಳ ಕೈ ನಿಂತಿತು.

ಮರುದಿನ ಗಂಡಸರು ಎದ್ದು ಬಂದಾಗ ಒಲೆ ತಣ್ಣಗಿತ್ತು. ನಿವೇದಿತಾ ಒಂದೇ ಡಬ್ಬಿ ತುಂಬಿದ್ದಳು, ಇಬ್ಬರಿಗೆ ಸಾಕಾಗುವಷ್ಟು. ವಸುಧಾ ಗಂಡನ ಹೆಲ್ಮೆಟ್ ಹಾಕಿಕೊಂಡು ಬಾಗಿಲಲ್ಲಿ ನಿಂತಿದ್ದಳು. ಅಚ್ಯುತ ಹೆಂಡತಿಯನ್ನು ಕೇಳಲಿಲ್ಲ, ಶಿವಶರಣನ ಕಡೆ ತಿರುಗಿ, "ನಿನ್ ಹೆಂಡ್ತಿಗೆ ಸ್ವಲ್ಪ ಹೇಳೋ ಮಾರಾಯ" ಅಂದ.

"ನೀನ ಹೇಳಪಾ, ನನಗ ಧೈರ್ಯ ಇಲ್ಲ" ಅಂದ ಶಿವಶರಣ. ಎಲ್ಲರೂ ನಕ್ಕರು. ಆ ನಗು ಕೇಳಿ ನಿವೇದಿತಾಗೆ ಮೈಯೆಲ್ಲ ಉರಿಯಿತು. ತನ್ನ ಪರ ನಿಲ್ಲಬೇಕಾದ ಹೊತ್ತಿನಲ್ಲಿ ಅವನು ಜೋಕು ಮಾಡಿ ಜಾರಿಕೊಂಡಿದ್ದ. ವಸುಧಾಳನ್ನು ಕರೆದುಕೊಂಡು, ಬಾಗಿಲು ದಡಾರನೆ ಹಾಕಿಕೊಂಡು ಹೊರಟಳು. ಗಂಡಸರಿಗೆ ಆಮೇಲೆ ರಮಾ ಉಪ್ಪಿಟ್ಟು ಮಾಡಿಕೊಟ್ಟಳಂತೆ. ಕೇಳಿ ನಿವೇದಿತಾಗೆ ರಮಾಳ ಮೇಲೂ ಸಿಟ್ಟು ಬಂತು. ಆ ಸಿಟ್ಟಿನ ಬಗ್ಗೆ ಒಳಗೊಳಗೇ ನಾಚಿಕೆಯೂ ಆಯಿತು.

ವಾಪಸು ಬರುವಾಗ ಗಂಡ ಹೆಂಡತಿಯ ಕಾರು ಟ್ರೇಸಿ ಊರು ದಾಟಿತು. ಫ್ರೀವೇಯ ಟ್ರಾಫಿಕ್ಕಿನಲ್ಲಿ ನಿಂತಾಗ ಶಿವಶರಣ, "ತಪ್ಪಾತು ಅಂದೆನಲ್ಲ" ಅಂದ.

"ಯಾವಾಗ ಅಂದ್ರಿ?"

"ಮನಸಿನ್ಯಾಗ."

"ನನ್ನ ಕಿವಿ ಅಲ್ಲಿ ಇಲ್ಲ" ಅಂದಳು. ಅವನು ಆಗ ಬಾಯಿ ಬಿಟ್ಟು ಹೇಳಿದ. ಆಕೆ ಕೇಳಿಸಿಕೊಂಡಳು. ಸರಿ ಅನ್ನಲಿಲ್ಲ, ಬಿಡ್ರಿ ಅಂತಲೂ ಅನ್ನಲಿಲ್ಲ.

ಒಂದು ರೊಟ್ಟಿಗೋಸ್ಕರ ಗುಂಪು ಒಡೆದಳು ಅಂತ ಸುದ್ದಿ ಪಕ್ಕದೂರು ಸ್ಯಾನ್ ರಮೋನ್ ತನಕ ಹಬ್ಬಿತು. ಯುಗಾದಿಯ ಊಟದಲ್ಲಿ ಒಬ್ಬರು ಆಕೆಯ ಎದುರೇ ಆ ಮಾತು ಎತ್ತಿದರು. "ರೊಟ್ಟಿಗಲ್ರಿ, ರೊಟ್ಟಿ ಬಡಿಯೂ ಕೈಗೆ" ಅಂತಷ್ಟೇ ಹೇಳಿ ಆಕೆ ಪಂಕ್ತಿಯಿಂದೆದ್ದಳು. ಎಷ್ಟೋ ತಿಂಗಳು ಗುಂಪಿನವರ ಮನೆಗಳಿಗೆ ಹೋಗಲಿಲ್ಲ. ಕರೆಯುವವರೂ ಕಡಿಮೆಯಾದರು.

ಮುಂದಿನ ಚಳಿಗಾಲ ಶುರುವಾದಾಗ ಅಚ್ಯುತ ತನ್ನ ಗಾಡಿಗೆ ತಾನೇ ಒಂದು ಡಬ್ಬಿ ಮಾಡಿ ಕಟ್ಟಿದ. ಮುಚ್ಚಳ ಭದ್ರವಾಗಿ ಬಿಗಿದು, ಹಬೆ ಹೋಗಲು ತೂತು ಬಿಡಲಿಲ್ಲ. ಹಿಮದ ದಾರಿಯಲ್ಲಿ ಮುಚ್ಚಳ ಸಿಡಿದು, ಬಿಸಿಬೇಳೆಬಾತು ಎಂಜಿನ್ನಿನ ತುಂಬಾ ಮೆತ್ತಿಕೊಂಡಿತಂತೆ. ಅವನು ಫೋನು ಮಾಡಿದ್ದು ಶಿವಶರಣನಿಗೆ. "ಎಷ್ಟು ತೂತು, ಎಲ್ಲಿ ಬಿಡಬೇಕು ಅಂತ ಸ್ವಲ್ಪ ಕೇಳಿ ಹೇಳು" ಅಂದ. ಶಿವಶರಣ, "ಮಾಡಿದಾಕಿ ಇಲ್ಲೇ ಅದಾಳ, ಆಕಿನ್ನ ಕೇಳು" ಅಂತ ಫೋನನ್ನು ಸ್ಪೀಕರಿಗೆ ಹಾಕಿ ಮೇಜಿನ ಮೇಲಿಟ್ಟ. ಆ ಕಡೆಯಿಂದ, "ಅತ್ತಿಗೆ" ಅಂತ ಸಣ್ಣ ದನಿ ಬಂತು. ಯಾರ ಮುಖವೂ ಸುಡಬಾರದು ಅಂತ ಆಕೆ ಎಲ್ಲವನ್ನೂ ಬಿಡಿಸಿ ಹೇಳಿದಳು. ಅವನು ಥ್ಯಾಂಕ್ಸ್ ಅಂದ. ಸಾರಿನ ಮಾತು, ಬಯಲಿನ ಮಾತು ಇಬ್ಬರೂ ಎತ್ತಲಿಲ್ಲ.

ಈ ವರ್ಷದ ಫೆಬ್ರವರಿಯಲ್ಲಿ ಬೆಟ್ಟಕ್ಕೆ ಹೋದವರು ಮೂರೇ ಜನ, ನಿವೇದಿತಾ, ಶಿವಶರಣ, ವಸುಧಾ. ಅಚ್ಯುತ ಬರಲಿಲ್ಲ, ಗಾಡಿ ಮಾತ್ರ ಕೊಟ್ಟು ಕಳಿಸಿದ. ಬೆಳಗ್ಗೆ ಬುತ್ತಿ ತುಂಬಿದವನು ಶಿವಶರಣ. ಅವನ ರೊಟ್ಟಿ ಹರಿಯುತ್ತದೆ, ಅದಕ್ಕೆ ದಪ್ಪ ಚಪಾತಿ. ಪಲ್ಯಕ್ಕೆ ಉಪ್ಪು ಹಾಕಲು ಮರೆತಿದ್ದ. ನಿವೇದಿತಾ ತಿಂದು, ಉಪ್ಪಿಲ್ಲ ಅಂದಳು. ಅವನು ಪೊಟ್ಟಣದಿಂದ ಉಪ್ಪು ಉದುರಿಸಿದ.

ಆಮೇಲೆ ವಸುಧಾ ಮೊದಲ ಸಲ ತಾನೇ ಗಾಡಿ ಓಡಿಸಿದಳು. ಬಯಲಿನ ನಡುವೆ ಮೆತ್ತನೆಯ ಹಿಮದಲ್ಲಿ ಗಾಡಿ ವಾಲಿ, ಆಕೆ ಸೊಂಟದವರೆಗೆ ಹೂತು ನಿಂತಳು. ನಿವೇದಿತಾ ಸಲಿಕೆ ಹಿಡಿದು ಓಡಿ ಹೋದಾಗ ವಸುಧಾ ಹೆಲ್ಮೆಟ್ ಕಿತ್ತು ತೆಗೆದು, ಗಾಡಿಯನ್ನು, ಹಿಮವನ್ನು, ಗಂಡನನ್ನು, ಮನೆಯಲ್ಲೇ ಕಳೆದ ಅಷ್ಟೂ ಚಳಿಗಾಲಗಳನ್ನು ಒಂದೇ ಉಸಿರಿಗೆ ಬೈಯುತ್ತಿದ್ದಳು. ಆಕೆ ಬೈದು ಮುಗಿಸುವವರೆಗೂ ನಿವೇದಿತಾ ಕಾದಳು. ಆಮೇಲೆ ಇಬ್ಬರೂ ಸೇರಿ ಹಿಮ ತೋಡಲು ಶುರುಮಾಡಿದರು.