ಕಚ್ಚು ಹಾಕಿದ ಹಂಡೆಗಳು

ಅಂಜಮ್ಮನನ್ನು ಜಿಪುಣಿ ಎಂದು ಕರೆದವರೆಲ್ಲ ಅವಳ ಹಂಡೆಯಲ್ಲಿ ಬೆಂದ ಅನ್ನ ತಿಂದವರೇ. ಯಾರ ಹೆಸರನ್ನೂ ಹೇಳುವುದಿಲ್ಲ. ಹೇಳಲು ಹೊರಟರೆ ಅದಿಯಮಾನ್‌ಕೋಟೆಯ ಅರ್ಧ ಊರನ್ನೇ ಹೇಳಬೇಕಾಗುತ್ತದೆ. ಅವಳ ಪಾತ್ರೆ ಬಾಡಿಗೆ ಅಂಗಡಿಯ ಎದುರಿಗೇ ನನ್ನ ಹೊಲಿಗೆ ಅಂಗಡಿ. ಕಾಲು ಮೆಷಿನ್ನಿನ ಮೇಲೆ, ಕಣ್ಣು ಬೀದಿಯ ಮೇಲೆ, ಟೈಲರ್ ಜನ್ಮವೇ ಅಂಥದ್ದು. ಬಾಯಿ ಜಾಸ್ತಿ ಅಂತ ನನ್ನನ್ನೂ ಜನ ಬೈಯುತ್ತಾರೆ. ಬೈಯಲಿ.

ಅಂಗಡಿ ಮೊದಲು ಅವಳ ಗಂಡ ಗೋಪಾಲಪ್ಪನದು. ತಗಡಿನ ಚಾವಣಿಯ ಕೆಳಗೆ ಹಿತ್ತಾಳೆಯ ದೊಡ್ಡ ಹಂಡೆಗಳು, ತಪ್ಪಲೆ, ಕೊಳಗ, ಸೌಟು, ಶಾಮಿಯಾನ, ಮಡಿಸುವ ಕುರ್ಚಿಗಳು. ತಮಿಳುನಾಡಿನ ಈ ಮೂಲೆಯಲ್ಲಿರುವ ನಮ್ಮ ಕನ್ನಡದವರ ಹಳ್ಳಿಗಳಲ್ಲಿ ಮದುವೆ ಕೂಡಿತೆಂದರೆ ಗಾಡಿ ಬಂದು ನಿಲ್ಲುತ್ತಿದ್ದುದು ಅಲ್ಲೇ. ಗೋಪಾಲಪ್ಪ ಕೊಡುವುದರಲ್ಲಿ ಧಾರಾಳಿ, ಕೇಳುವುದರಲ್ಲಿ ಮೂಗ. ಹೋದ ಪಾತ್ರೆ ಬಂದರೆ ಬಂತು, ಬಾಡಿಗೆ ಕೊಟ್ಟರೆ ಕೊಟ್ಟರು. ಕೊಟ್ಟೋನು ಕೋಡಂಗಿ, ಇಸ್ಕೊಂಡೋನು ಈರಭದ್ರ ಎಂದು ನಾನು ಅವನ ಮುಖಕ್ಕೇ ಹೇಳಿದರೂ ನಗುತ್ತಿದ್ದ.

ಅವನದೊಂದು ನಿಯಮವಿತ್ತು: ಸಾವಿನ ಮನೆಗೆ ಬಾಡಿಗೆ ಇಲ್ಲ. ನಮ್ಮಲ್ಲಿ ಸಾವಾದ ಮನೆಯಲ್ಲಿ ಒಲೆ ಹಚ್ಚುವುದಿಲ್ಲ. ನೆಂಟರೋ ನೆರೆಯವರೋ ಬೇರೆ ಕಡೆ ಬೇಯಿಸಿ ತಂದು ಬಡಿಸಬೇಕು. ಯಾರೂ ಬಂದು ಕೇಳುವ ಮೊದಲೇ ಗೋಪಾಲಪ್ಪ ಗಾಡಿಯ ಮುರುಗೇಶನ ಕೈಯಲ್ಲಿ ಹಂಡೆ ಕಳಿಸಿಬಿಡುತ್ತಿದ್ದ. ಆದರೆ ಸಾವಿಗೆ ಹೋಗಿ ಬಂದ ಹಂಡೆಯನ್ನು ಹಾಗೇ ಮದುವೆಗೆ ಕೊಡುವಂತಿಲ್ಲ. ಒಳಗೆಲ್ಲ ತವರ ಸವರಿ ಹೊಸದಾಗಿ ಕಲಾಯಿ ಹಾಕಿಸಬೇಕು. ಕಲಾಯಿಗಾರ ಧರ್ಮಪುರಿಯಿಂದ ತನಗೆ ಪುರುಸೊತ್ತಾದಾಗ ಬರುವವನು. ಅಲ್ಲಿಯವರೆಗೆ ಹಂಡೆ ಹಿಂದಿನ ಕೋಣೆಯಲ್ಲಿ ದುಡಿಮೆಯಿಲ್ಲದೆ ಬಿದ್ದಿರುತ್ತಿತ್ತು. ಒಂದೊಂದು ಸಾವೂ ಅಂಗಡಿಗೆ ಎರಡು ಕಡೆಯಿಂದ ಪೆಟ್ಟು ಕೊಡುತ್ತಿತ್ತು.

ತೊಂಬತ್ತೈದರ ದೀಪಾವಳಿ ಕಳೆದ ಮೇಲೆ ಗೋಪಾಲಪ್ಪನಿಗೆ ಲಕ್ವ ಹೊಡೆಯಿತು. ಬಲಗೈ ಬಿದ್ದುಹೋಯಿತು, ಮಾತು ನಿಂತಿತು. ಅಂಜಮ್ಮ ಅವನ ಮಂಚವನ್ನು ಅಂಗಡಿಯ ಒಳಬಾಗಿಲ ಹತ್ತಿರವೇ ಹಾಕಿಸಿದಳು. ಮಲಗಿದಲ್ಲಿಂದಲೇ ಅವನಿಗೆ ಹಂಡೆಗಳು ಕಾಣುತ್ತಿದ್ದವು. ಪಾತ್ರೆಯ ಸದ್ದಾದಾಗ ಮಾತ್ರ ಅವನ ಮುಖದಲ್ಲಿ ಜೀವ ಬರುತ್ತಿತ್ತು. ಮಿಕ್ಕಂತೆ ಸುಮ್ಮನೆ ಬಿದ್ದಿರುತ್ತಿದ್ದ.

ಅವನ ತಮ್ಮ ಗೋವಿಂದರಾಜು ಮೆಟ್ಟೂರಿನ ಥರ್ಮಲ್ ವಿದ್ಯುತ್ ಸ್ಥಾವರದಲ್ಲಿ ಕೆಲಸದವನು. ಹಂಡೆಗಳಲ್ಲಿ ಅವನಿಗೂ ಪಾಲಿತ್ತು. ಬಸ್ಸಿಳಿದು ಬಂದವನು ಅಣ್ಣನನ್ನು ನೋಡಿದ, ಅಂಗಡಿಯನ್ನು ನೋಡಿದ, ಹೊರಗೆ ಬಂದು ಅತ್ತಿಗೆಯನ್ನು ಕರೆದ.

"ಅತ್ತಿಗೆ, ಇದು ಬರೀ ನಷ್ಟಂ. ಈಗೆಲ್ಲಾ ಅಲ್ಯುಮಿನಿಯಂ ಕೇಳ್ತಾರೆ. ಸೇಲಂನಾಗೆ ಒಬ್ಬ ಯಾಪಾರಿ ಅವ್ನೆ, ಇತ್ತಾಳೆನ ತೂಕಕ್ಕೆ ತಕೊಂತಾನೆ. ಮಾರಿ ಅಣ್ಣನ ವೈದ್ಯಕ್ಕೆ ಆಕಾನ."

"ನಿಮ್ಮಣ್ಣ ಕಣ್ಣು ಬಿಟ್ಕೊಂಡು ನೋಡ್ತಾ ಇರೋವಾಗ ಅವರ ಮುಂದೆನೇ ಅಂಡೆ ತೂಗಿಸ್ತೀಯಾ?"

"ಮತ್ತೆ ಎನ್ನ ಪಣ್ಣದು, ಏನ್ ಮಾಡಾದು? ನೋಡ್ಕೊಳೋರು ಯಾರವ್ರೆ?"

"ನಾನು ನೋಡ್ಕೊತೀನಿ. ಆನಿ ತಿಂಗ್ಳು ಮುಗಿಯೋವರ್ಗೂ ಟೈಮ್ ಕೊಡು. ಆಡಿ ಉಟ್ಟಿದ್ರೆ ಎಂಗೂ ಮದ್ವೆ ಇಲ್ಲ. ಅಷ್ಟ್ರಲ್ಲಿ ಅಂಗಡಿ ತನ್ ಕಾಲ್ ಮೇಲೆ ನಿಲ್ಲದೆ ಓದ್ರೆ ಕರ್ಕೊಂಡು ಬಾ ನಿನ್ ಯಾಪಾರಿನ. ನಾನೇ ತಕ್ಕಡಿ ಇಡ್ಕೊತೀನಿ."

ಆನಿ ಮುಗಿದು ಆಡಿ ಹುಟ್ಟುವುದು ಜುಲೈ ನಡುವಿಗೆ. ಅಂದಿನವರೆಗೆ ಅಂಗಡಿಯಲ್ಲಿ ಒಂದು ಗಳಿಗೆ ಕೂತವಳಲ್ಲ ಅವಳು. ಗೋವಿಂದರಾಜು ಒಪ್ಪಿದ್ದು ನಂಬಿಕೆಯಿಂದಲ್ಲ, ಅಣ್ಣನ ಮುಖ ನೋಡಿ.

ಸಂಕ್ರಾಂತಿ ಕಳೆದು ಮದುವೆಗಳು ಶುರುವಾದವು. ಅಡ್ವಾನ್ಸ್ ಇಲ್ಲದೆ ಒಂದು ಸೌಟೂ ಹೊರಗೆ ಹೋಗದು ಎಂದಳು. ಪಾತ್ರೆ ಹೊರಡುವಾಗ ಒಮ್ಮೆ, ಬಂದಾಗ ಒಮ್ಮೆ, ಮದುವೆ ಮನೆಯವರನ್ನು ನಿಲ್ಲಿಸಿಕೊಂಡೇ ಪ್ರತಿ ಹಂಡೆಯನ್ನೂ ಬೆರಳ ಗೆಣ್ಣಿನಿಂದ ಬಡಿದು ಕೇಳುತ್ತಿದ್ದಳು. ಎಲ್ಲಾದರೂ ಸೀಳು ಬಿಟ್ಟಿದ್ದರೆ ಸದ್ದೇ ಹೇಳುತ್ತದೆ. ಊರ ದೊಡ್ಡ ಮನುಷ್ಯ ಪೊನ್ನುಸ್ವಾಮಿಯ ಕೊಟ್ಟಿಗೆಯಲ್ಲಿ ಅವಳ ಅಂಗಡಿಯ ಕೊಳಗ ಎಷ್ಟೋ ಕಾಲದಿಂದ ಎಮ್ಮೆಯ ಕಲಗಚ್ಚಿಗೆ ಪಾತ್ರೆಯಾಗಿತ್ತು. ಅಂಜಮ್ಮ ನೇರ ಹೋಗಿ ಎಮ್ಮೆಯ ಮೂತಿ ಸರಿಸಿ, ಕಲಗಚ್ಚು ಸುರಿದು, ಕೊಳಗ ಹೊತ್ತುಕೊಂಡು ಬಂದಳು. ಜಿಪುಣಿ ಎಂಬ ಹೆಸರು ಹುಟ್ಟಿದ್ದು ಅಂದೇ. ನನಗಂತೂ ಹಬ್ಬವಾಯಿತು.

ಸಾವಿನ ಮನೆಯ ವಿಷಯ ಉಳಿಯಿತು. ಗಂಡನ ನಿಯಮವನ್ನು ಅವಳು ಮುರಿಯುವವಳಲ್ಲ. ಕಲಾಯಿಯ ಖರ್ಚನ್ನೂ ಅಂಗಡಿ ತಾಳುವಂತಿರಲಿಲ್ಲ. ಒಂದು ದಿನ ಬೀದಿ ದಾಟಿ ಬಂದು ನನಗೆ ಹೇಳಿದಳು: "ಅಳೇ ಅಂಡೆ ಕೆಲವನ್ನ ಸಾವಿಗೆ ಅಂತಾನೇ ಬೇರೆ ಮಾಡ್ತೀನಿ. ಕಂಠಕ್ಕೆ ಕಚ್ಚು ಆಕ್ಸಿಬಿಡ್ತೀನಿ, ಗುರುತಿಗೆ. ಪದೇಪದೇ ಕಲಾಯಿ ಆಕ್ಸೋದೂ ಬೇಡ, ಮದ್ವೆ ಅಂಡೆ ಸುಮ್ನೆ ಬಿದ್ದಿರೋದೂ ಬೇಡ."

ಭೇಷ್ ಎಂದೆ. ಯಾರಾದರೂ ಭೇಷ್ ಎನ್ನುವ ಮಾತೇ ಅದು.

ಪಾತ್ರೆ ಬಡಿಯುವ ಕನ್ನಾರ ಬಂದು ಉಳಿ ಇಟ್ಟು ಸುತ್ತಿಗೆಯಲ್ಲಿ ಹೊಡೆದ. ಮೊದಲ ಪೆಟ್ಟು ಬೀಳುತ್ತಲೇ ಒಳಗೆ ಗೋಪಾಲಪ್ಪ ಗಂಟಲಲ್ಲಿ ಏನೋ ಸದ್ದು ಮಾಡಿದ. ಎಡಗೈಯಿಂದ ಮಂಚದ ಪಟ್ಟಿಯನ್ನು ಬಡಿಯತೊಡಗಿದ. ಸುತ್ತಿಗೆಯ ಸದ್ದಿಗೆ ಹಿಂಸೆಯಾಗುತ್ತಿದೆ ಎಂದುಕೊಂಡು ಅಂಜಮ್ಮ ಒಳಬಾಗಿಲು ಮುಚ್ಚಿದಳು. ಕಚ್ಚು ಹಾಕಿ ಮುಗಿಯುವವರೆಗೂ ಅವನು ಬಡಿಯುತ್ತಲೇ ಇದ್ದ.

ಒಂದೆರಡು ತಿಂಗಳು ಎಲ್ಲ ಸರಿ ಹೋಯಿತು. ಮೆಟ್ಟೂರಿನಿಂದ ಬಂದ ಗೋವಿಂದರಾಜು ಸುತ್ತ ನೋಡಿ "ಪರವಾಯಿಲ್ಲ" ಎಂದ. ಅವನ ಬಾಯಿಂದ ಅದೇ ದೊಡ್ಡದು. ಆದರೆ ನಾನು ಎದುರಿಗೆ ಕೂತವನು, ಇನ್ನೊಂದನ್ನೂ ನೋಡುತ್ತಿದ್ದೆ. ಮೊದಲು ಯಾವ ಹಂಡೆ ಎಲ್ಲಿಗೆ ಹೋಗಿತ್ತೆಂದು ಯಾರಿಗೂ ಗೊತ್ತಿರಲಿಲ್ಲ, ಯಾರೂ ಕೇಳುತ್ತಲೂ ಇರಲಿಲ್ಲ. ಈಗ ಕಚ್ಚಿನ ಹಂಡೆಗಳು ಒಂದು ಕಡೆ ಬೇರೆಯಾಗಿ ನಿಂತಿದ್ದವು. ನೀರಿಗೆ ಹೋಗುವ ಹೆಂಗಸರು ಆ ಕಡೆ ನೋಡದೆ, ಸೆರಗು ಬಿಗಿದುಕೊಂಡು ರಸ್ತೆಯ ಈಚೆ ಬದಿಗೆ ಬರತೊಡಗಿದರು. "ಇವತ್ತು ಕಚ್ಚಿನ ಅಂಡೆ ಒರಗಡೆ ಎತ್ತಿಟ್ಟವ್ಳೆ, ಯಾರ ಮನೆಗೋ" ಎಂಬ ಪಿಸುಮಾತು ನನ್ನ ಬಾಗಿಲಲ್ಲೇ ಕೇಳಿದೆ.

ಪಂಗುನಿ, ಅಂದರೆ ಮಾರ್ಚ್ ಕೊನೆಯ ಒಂದು ದೊಡ್ಡ ಮುಹೂರ್ತ. ಎಲ್ಲಿ ನೋಡಿದರೂ ಮದುವೆ. ಮುರುಗೇಶ ಒಂದು ಗಾಡಿ ಇಳಿಸಿ ಇನ್ನೊಂದು ತುಂಬುವ ಅವಸರದಲ್ಲಿದ್ದ. ಅಂಜಮ್ಮ ಒಳಗೆ ಗಂಡನಿಗೆ ಗಂಜಿ ಕುಡಿಸುತ್ತಿದ್ದಳು. ಆ ಹೊತ್ತಿನಲ್ಲಿ ಒಂದು ಕಚ್ಚಿನ ಹಂಡೆ ನಲ್ಲಂಪಳ್ಳಿ ಕಡೆಯ ಮದುವೆ ಮನೆಗೆ ಹೋಯಿತು. ಮುತ್ಯಾಲಮ್ಮ ಎಂಬ ಮುದುಕಿಯ ಮೊಮ್ಮಗಳ ಮದುವೆ ಅದು.

ಮುತ್ಯಾಲಮ್ಮ ಒಲೆಯ ಹತ್ತಿರ ಯಾರನ್ನೂ ನಂಬುವವಳಲ್ಲ. ಅಕ್ಕಿ ಬೇಯುತ್ತಿದ್ದ ಹಂಡೆಗೆ ಮುಚ್ಚಳ ಸರಿಮಾಡಲು ಹೋದವಳ ಬಟ್ಟೆ ಕಂಠದ ಕಚ್ಚಿಗೆ ಸಿಕ್ಕಿಕೊಂಡಿತು. ಬಗ್ಗಿ ನೋಡಿದಳು, ಸಾವಿನ ಹಂಡೆಯ ಗುರುತು. ಬೇಯುತ್ತಿದ್ದ ಅನ್ನ ಹಿತ್ತಿಲಿಗೆ ಹೋಯಿತು, ಹಂಡೆ ಬೀದಿಗೆ ಉರುಳಿತು. ಗಂಡಿನ ಕಡೆಯವರು ಹಸಿದ ಹೊಟ್ಟೆಯಲ್ಲಿ ಆಡಬಾರದ್ದೆಲ್ಲ ಆಡಿದರು. ಸಂಜೆಯೊಳಗೆ ಸುದ್ದಿ ಸುತ್ತಲ ಹಳ್ಳಿಗಳಿಗೆಲ್ಲ ಮುಟ್ಟಿತು. ಮುಂದಿನ ಚಿತ್ತಿರೈ ತಿಂಗಳ ಮದುವೆಗೆ ಹಂಡೆ ಗೊತ್ತು ಮಾಡಿದ್ದವರು ಒಬ್ಬರ ಹಿಂದೊಬ್ಬರು ಬಂದು ಅಡ್ವಾನ್ಸ್ ವಾಪಸು ಕೇಳಿದರು. ಅವಳು ಎದುರಾಡದೆ ಕೊಟ್ಟಳು.

ಮುರುಗೇಶ ಅಳುತ್ತಾ ನಿಂತಿದ್ದ. "ತಪ್ಪು ನಂದು ಅಕ್ಕಾ, ನಾನು ಕಣ್ಣು ಕಾಣ್ದೆ ಏರಿಸ್ಬಿಟ್ಟೆ."

"ಏರಿಸಿದ್ದು ನೀನು. ಕಚ್ಚು ಆಕ್ಸಿದ್ದು ನಾನು. ಅಂಗಡಿ ನಂದು, ತಪ್ಪೂ ನಂದೇ. ಓಗು, ಊಟ ಮಾಡು."

ಮರುದಿನ ಒಬ್ಬಳೇ ಮುತ್ಯಾಲಮ್ಮನ ಮನೆಗೆ ಹೋದಳಂತೆ. ಮುದುಕಿ ಬಾಗಿಲಿಂದಾಚೆ ಬರಲಿಲ್ಲ. ಒಳಗಿಂದಲೇ ಕೇಳಿದಳಂತೆ: "ನಿನ್ ಗಂಡ ನಡೆಸ್ತಿದ್ದಾಗ ಯಾವತ್ತಾನ ಇಂಗಾಗಿತ್ತೇನೇ?" ಅಂಜಮ್ಮ ಬಿಸಿಲಲ್ಲಿ ನಿಂತಿದ್ದು, ಆಮೇಲೆ ವಾಪಸು ಬಂದಳು. ಕೆಟ್ಟ ಮೇಲೆ ಬುದ್ಧಿ ಬಂತು ಎನ್ನಲು ನನ್ನ ಬಾಯಿಗೂ ಅವತ್ತು ಮನಸ್ಸಾಗಲಿಲ್ಲ.

ಚಿತ್ತಿರೈ ಹುಟ್ಟಿ ಸ್ವಲ್ಪ ದಿನಕ್ಕೇ, ಒಂದು ಬೆಳಿಗ್ಗೆ, ಗೋಪಾಲಪ್ಪ ಹೋಗಿಬಿಟ್ಟ.

ಬೀದಿ ತುಂಬ ಜನ ಸೇರಿದರು. ಊರವರ ಸಾವಿಗೆಲ್ಲ ಕೇಳುವ ಮೊದಲೇ ಹಂಡೆ ಕಳಿಸುತ್ತಿದ್ದವನು ತಾನೇ ಮಲಗಿದ್ದ. ಅವನ ಮನೆಗೆ ಅನ್ನ ಬೇಯಿಸಲು ಹಂಡೆ ಕೇಳುವವರು ಯಾರು, ಎತ್ತಿ ಕೊಡುವವರು ಯಾರು? ಒಬ್ಬರ ಮುಖ ಒಬ್ಬರು ನೋಡುತ್ತಾ ನಿಂತರು.

ಆಗ ಬಸ್ಸಿಳಿದು ಮುತ್ಯಾಲಮ್ಮ ಬಂದಳು. ಯಾರನ್ನೂ ಮಾತಾಡಿಸಲಿಲ್ಲ, ಸೀದಾ ತಗಡಿನ ಚಾವಣಿಯ ಕೆಳಗೆ ನಡೆದಳು. ಮುರುಗೇಶ ಕಚ್ಚಿನ ಹಂಡೆಯನ್ನು ಮುಂದಕ್ಕೆ ಎಳೆದ.

"ಅದು ಬೇಡ ಕಣ್ಲಾ. ಅಗೋ ಆ ಕಡೆವು ಎತ್ತು."

"ಅಜ್ಜೀ, ಅವು ಮದ್ವೆವು."

"ಗೊತ್ತೈತೆ. ನಮ್ಮನೆಯವರು ಸತ್ತಾಗ ಗೋಪಾಲು ಕಳಿಸಿದ ಅಂಡೇಲೇ ಆಮೇಕೆ ನನ್ ಮಗನ ಮದ್ವೆ ಅನ್ನನೂ ಬೆಂತು. ಯಾವುದು ಯಾವುದಕ್ಕೆ ಓಗಿತ್ತು ಅಂತ ನಾನೂ ಕೇಳ್ನಿಲ್ಲ, ಅವ್ನೂ ಏಳ್ನಿಲ್ಲ. ಅವನ ಸಾವಿಗೆ ಗುರುತು ಮಾಡಿದ್ ಅಂಡೇಲಿ ನಾನು ಬೇಯ್ಸಾಕಿಲ್ಲ."

ನನ್ನ ಅಂಗಡಿಯ ಹಿಂದಿನ ಅಂಗಳದಲ್ಲಿ ಒಲೆ ಹೂಡಿದೆವು. ಅಂಗಡಿಯಲ್ಲಿದ್ದ ಮದುವೆಯ ಹಂಡೆಗಳೆಲ್ಲ ಅವತ್ತು ಉರಿಯ ಮೇಲೆ ಕೂತವು. ಅಷ್ಟೂ ಜನ ಉಂಡರು.

ಹದಿನಾರನೇ ದಿನದ ಕಾರ್ಯ ಮುಗಿದ ಮೇಲೆ ಅಂಜಮ್ಮ ನನ್ನ ಅಂಗಡಿಯ ಮೆಟ್ಟಿಲ ಮೇಲೆ ಬಂದು ಕೂತಳು. "ಬೇಡ ಅಂತಾ ಇದ್ರು ಅವ್ರು. ಕಚ್ಚು ಆಕ್ಬೇಡ ಅಂತ ಮಂಚ ಬಡೀತಿದ್ರು. ನಾನು ಬಾಗ್ಲು ಮುಚ್ಬಿಟ್ಟೆ" ಎಂದಳು. ಸತ್ತ ದಿನ ಅಳದವಳು ಆಗ ಅತ್ತಳು. ನಾನು ಹೊಲಿಗೆ ನಿಲ್ಲಿಸಿ ಕೂತಿದ್ದೆ.

ಮಾರನೆಯ ದಿನ ಕನ್ನಾರನನ್ನು ಮತ್ತೆ ಕರೆಸಿದಳು. ಉಳಿದ ಎಲ್ಲ ಹಂಡೆಗಳ ಕಂಠಕ್ಕೂ ಅದೇ ಕಚ್ಚು ಹಾಕಿಸಿದಳು. ಒಂದನ್ನೂ ಬಿಡಲಿಲ್ಲ. ಆಮೇಲೆ ಕಲಾಯಿಗಾರನನ್ನು ಕರೆತಂದು, ಹಿಂದಿನ ಕೋಣೆಗೆ ಕಳಿಸದೆ, ರಸ್ತೆಯ ಪಕ್ಕದಲ್ಲೇ ತಿದಿ ಹೂಡಿಸಿದಳು. ಮದುವೆಗಳು ಮುಗಿಯುವವರೆಗೆ ಇಲ್ಲೇ ಇರು ಎಂದು ಅವನಿಗೆ ಊಟಕ್ಕೆ, ಮಲಗಲು ಜಾಗ ಮಾಡಿದಳು. ಮದುವೆಗೆ ಹೋಗುವ ಹಂಡೆಗೆ ಮದುವೆ ಮನೆಯವರ ಕಣ್ಣೆದುರೇ ಕಲಾಯಿ, ಅದರ ಕೂಲಿ ಅವರದು. ಸಾವಿನ ಮನೆಗೆ ಎಂದಿನಂತೆ ಬಾಡಿಗೆಯಿಲ್ಲ.

ಮೊದಲು ಜನ ನೋಡಲಷ್ಟೇ ಬಂದರು. ಹಂಡೆ ಕಾಯುವುದು, ತವರ ಕರಗುವುದು, ಹತ್ತಿಯಲ್ಲಿ ಒರೆಸುತ್ತಲೇ ಒಳಗೆಲ್ಲ ಬೆಳ್ಳಗಾಗುವುದು. ಮುತ್ಯಾಲಮ್ಮ ಯಾವ ಹಂಡೆಯಲ್ಲಿ ಬೇಯಿಸಿದಳೆಂಬ ಮಾತೂ ಅಷ್ಟರಲ್ಲಿ ಹರಡಿತ್ತು. ಮುಂದಿನ ತಿಂಗಳು, ವೈಗಾಸಿಯಲ್ಲಿ, ಒಂದು ಗಾಡಿ ಬಂತು, ಆಮೇಲೆ ಇನ್ನೊಂದು. ಕೂಲಿಗೆ ಯಾರೂ ಗೊಣಗಲಿಲ್ಲ. ಕಣ್ಣಿಗೆ ಕಂಡದ್ದಕ್ಕೆ ಜನ ಕೊಡುತ್ತಾರೆ.

ನನ್ನ ಮೈ ಉರಿಸಿದ್ದು ಒಂದೇ. ಮದುವೆ ಗಾಡಿ ತುಂಬುವಾಗ ಅಂಜಮ್ಮ ಒಳಬಾಗಿಲ ಹಿಂದೆ ಹೋಗಿ ನಿಲ್ಲುತ್ತಿದ್ದಳು. ಗಂಡ ಸತ್ತವಳು ಶುಭಕ್ಕೆ ಎದುರು ಬರಬಾರದಲ್ಲ! ಮುರುಗೇಶ ಹಂಡೆ ಬಡಿಯುವನು, ಅವಳು ಒಳಗೆ ನಿಂತು ಸದ್ದು ಕೇಳಿಸಿಕೊಳ್ಳುವಳು. ಅಂಗಡಿಯನ್ನು ಎತ್ತಿ ನಿಲ್ಲಿಸಿದವಳು ಬಾಗಿಲ ಹಿಂದೆ! ನಾನು ಕೂಗಾಡಿದರೆ, "ಮದ್ವೆ ಅವರ್ದು ಅಣ್ಣಾ, ಅವರ ಮನ್ಸಿಗೆ ಯಾಕೆ ನೋವು" ಎನ್ನುತ್ತಿದ್ದಳು.

ಆನಿ ತಿಂಗಳ ಕೊನೆಯ ಮುಹೂರ್ತದ ಹಿಂದಿನ ದಿನ ಗೋವಿಂದರಾಜು ಬಂದ. ಜೊತೆಗೆ ಸೇಲಂ ವ್ಯಾಪಾರಿ. "ಅಣ್ಣನೇ ಇಲ್ಲ, ಇನ್ಯಾಕೆ ಅತ್ತಿಗೆಗೆ ಈ ಪಾಡು" ಎಂದು ನನಗೆ ಹೇಳಿ, ವ್ಯಾಪಾರಿಯನ್ನು ನನ್ನ ಬೆಂಚಿನ ಮೇಲೆ ಕೂರಿಸಿ, ಬೀದಿ ದಾಟಿದ. ಅಲ್ಲಿ ಮದುವೆ ಗಾಡಿಯೊಂದು ಕಾಯುತ್ತಿತ್ತು. ಮುರುಗೇಶ ಇನ್ನೊಂದು ಊರಿಗೆ ಹೋಗಿದ್ದ.

"ಗೋವಿಂದು," ಒಳಗಿಂದ ಅಂಜಮ್ಮನ ದನಿ, "ಮುರುಗೇಶ ಇಲ್ಲ. ನೀನೇ ಎತ್ತಿ ಕೊಟ್ಬಿಡಪ್ಪ. ಅವರ್ಗೆ ಒತ್ತಾಗ್ತೈತೆ."

ಅವನು ತೋಳು ಮಡಿಸಿ ಹಂಡೆಗೆ ಕೈಹಾಕಿದ. ಬೆರಳಿಗೆ ಕಚ್ಚು ತಾಗಿತು. ಇನ್ನೊಂದನ್ನು ಮುಟ್ಟಿ ನೋಡಿದ, ಮತ್ತೊಂದನ್ನೂ.

"ಅತ್ತಿಗೆ, ಎಲ್ಲಾದ್ರಾಗೂ ಕಚ್ಚೈತಲ್ಲ. ಸಾವಿಂದು ಯಾವುದು, ಮದ್ವೆದು ಯಾವುದು?"

ಅವಳು ಬಾಗಿಲ ಹಿಂದಿನಿಂದಲೇ ಹೇಳಿದಳು.

"ನಿಮ್ಮಣ್ಣ ಬೇರೆ ಮಾಡಿರ್ನಿಲ್ಲ. ನಾನು ಮಾಡಿದ್ದೆ. ಈಗ ಇಲ್ಲ."

ಅವನು ಒಂದೊಂದಾಗಿ ಎತ್ತಿ ಗಾಡಿಗಿಟ್ಟ. ಚಾವಣಿಯ ಕೆಳಗೆ ಖಾಲಿಯಾಯಿತು. ಗಾಡಿಯವನು ಎತ್ತಿನ ಹಗ್ಗ ಹಿಡಿದ. ಗೋವಿಂದರಾಜು ನೊಗದ ಮೇಲೆ ಕೈಯಿಟ್ಟು ನಿಲ್ಲಿಸಿದ. ಒಳಬಾಗಿಲ ಕಡೆ ತಿರುಗಿ, ಬೀದಿಗೆಲ್ಲ ಕೇಳುವಂತೆ ಕರೆದ.

"ಒರಗೆ ಬಾ ಅತ್ತಿಗೆ. ಬಡಿದು ಕಳಿಸೋದು ಓನರ್ ಕೆಲ್ಸ. ನೀನು ಬರೋವರ್ಗೂ ಗಾಡಿ ಓಗಾಕಿಲ್ಲ."

ಮದುವೆ ಮನೆಯವನು ಒಮ್ಮೆ ನೆಲ ನೋಡಿದ, ಒಮ್ಮೆ ಬಾಗಿಲು ನೋಡಿದ. "ಬರ್ಲಿ" ಎಂದ.

ಅಂಜಮ್ಮ ಹೊರಗೆ ಬಂದಳು. ಯಾರ ಮುಖವನ್ನೂ ನೋಡದೆ ಗಾಡಿಯ ಹತ್ತಿರ ಹೋಗಿ, ಗೆಣ್ಣು ಮಡಿಸಿ, ಮೊದಲನೆಯ ಹಂಡೆಯನ್ನು ಬಡಿದು ಕಿವಿಗೊಟ್ಟಳು.